ಗಾಜಿನ ಕ್ಯಾಬಿನ್ನಿನಿಂದ ಕಂಡ ಚಂದ್ರಾಮ

ಗೋದಾವರಿಗೆ ಸಿಟ್ಟು ಬಂದದ್ದನ್ನು ನಾನು ಮೊದಲ ಸಲ ನೋಡಿದ್ದು ‘ನೀನು’ ಎಂಬ ಒಂದು ಪದದ ಸಲುವಾಗಿ.

೨೦೦೭ರ ಮಾತು. ಮಾದಾಪುರದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮದು ಸಣ್ಣ ಕಂಪನಿ. ಮೊಬೈಲ್ ಫೋನುಗಳಿಗೆ ಗೇಮ್ ಮಾಡುತ್ತಿದ್ದೆವು. ಅದು ನಡೆಯದ ತಿಂಗಳುಗಳಲ್ಲಿ ಕಾರ್ಖಾನೆಗಳಿಗೆ ತರಬೇತಿಯ ಆಟಗಳನ್ನು ಮಾಡಿಕೊಡುತ್ತಿದ್ದೆವು. ನಾನು ಯಶವಂತ, ಮೈಸೂರಿನವನು, ಅಲ್ಲಿ ಟೀಮ್ ಲೀಡ್. ಗೋದಾವರಿ ಹುಮನಾಬಾದಿನವಳು. ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿದ್ದುಕೊಂಡು ಕಂಪ್ಯೂಟರ್ ಚಿತ್ರಗಳ ಕೆಲಸ ಕಲಿತು ನಮ್ಮಲ್ಲಿ ಸೇರಿ ಒಂದು ವರ್ಷವಾಗಿತ್ತು.

ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯವರು ಕಾರ್ಮಿಕರ ಸುರಕ್ಷತೆಗೆಂದು ಒಂದು ಆಟ ಮಾಡಿಕೊಡಲು ಹೇಳಿದ್ದರು. ತೆಲುಗು, ಹಿಂದಿಯ ಜೊತೆ ಕನ್ನಡದಲ್ಲೂ ಬೇಕಿತ್ತು. ಬೀದರ ಕಡೆಯ ಕೂಲಿಗಳು ಅಲ್ಲಿ ಬಹಳ. ಹಿಂದಿನ ವರ್ಷ ಅವರಲ್ಲೇ ಆಗಿದ್ದ ಒಂದು ಅಪಘಾತ ಆಟದ ಕಥೆ. ಆಡುವವನು ಕಾರ್ಮಿಕನ ಕಣ್ಣಿನಿಂದ ನೋಡುತ್ತಾ ರಸಾಯನ ಕಾಯಿಸುವ ರಿಯಾಕ್ಟರಿನ ಬಳಿ ಹೋಗುತ್ತಾನೆ, ಮುಚ್ಚಳ ತೆರೆಯುತ್ತಾನೆ, ಬಿಸಿ ಆವಿ ಮುಖಕ್ಕೆ ಹೊಡೆಯುತ್ತದೆ. ಆಮೇಲೆ ಕೆಂಪು ಪರದೆಯ ಮೇಲೆ ಹೀಗೆ ಬರಬೇಕಿತ್ತು: ‘ನೀನು ಅವಸರ ಮಾಡಿದೆ. ಬಿಸಿ ಇಳಿಯುವ ಮೊದಲೇ ಮುಚ್ಚಳ ತೆರೆದೆ. ನಿನ್ನ ಅಜಾಗರೂಕತೆಯಿಂದ ಅಪಘಾತವಾಯಿತು.’

“ಯಾರ್ರಿ ಸರ ಈ ನೀನು?” ಎಂದಳು ಗೋದಾವರಿ.

“ಆಡೋನು.”

“ಆಡಾಂವ ಏನ್ ಮಾಡ್ಯಾನ? ಯಾವ ಗುಂಡಿ ಒತ್ತಿದ್ರೂ ಮುಚ್ಚಳ ತೆರಿಬೇಕಂತ ಇವ್ರ ಬರದಾರ. ತೆರದ ಮ್ಯಾಲ ತಪ್ಪು ನಿಂದ ಅಂತಾರ. ಇದ್ಯಾವ ಆಟ?”

“ಅಪಘಾತ ತೋರಿಸಬೇಕಲ್ಲಮ್ಮ, ಅದಕ್ಕೆ. ಅವರು ಹೇಳಿದ ಹಾಗೆ ಮಾಡು” ಎಂದೆ. ಅವಳು ಕುರ್ಚಿಯನ್ನು ದಬಕ್ಕನೆ ತಿರುಗಿಸಿಕೊಂಡು ಕೂತಳು. ಆದರೂ ಹೇಳಿದ ಹಾಗೆಯೇ ಮಾಡಿದಳು.

ಮೊದಲ ಪ್ರಯೋಗ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಕಾರ್ಮಿಕರು ಒಬ್ಬೊಬ್ಬರಾಗಿ ಲ್ಯಾಪ್‌ಟಾಪಿನ ಮುಂದೆ ಕೂತು ಆಡಿದರು, ಕೆಂಪು ಪರದೆ ಕಂಡು ಪೆಚ್ಚಾಗಿ ಎದ್ದುಹೋದರು. ನಾಲ್ಕನೆಯವನು ಆಡುವಾಗ ಒಂದು ಒದ್ದೆ ಬಟ್ಟೆ ಹಾರಿಬಂದು ಪರದೆಗೆ ಬಡಿಯಿತು. ಮೇಜು ಒರೆಸುತ್ತಿದ್ದ ಹೆಂಗಸು ನಮ್ಮ ಎದುರಿಗೆ ನಿಂತಿದ್ದಳು.

“ಅಂವ ನನ್ನ ಗಂಡ ಅದಾನ! ತಾನಾ ತೆರದಾನಂತ ನಿಮಗ್ಯಾರ ಹೇಳಿದ್ರು? ನೀವಿದ್ರೇನು ಅಲ್ಲಿ?”

ಸೇಫ್ಟಿ ಮ್ಯಾನೇಜರ್ ಮಹೇಶಕುಮಾರ ಅಲ್ಲೇ ಇದ್ದರು. ಗುಲಬರ್ಗಾ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ನಮಗೆ ಈ ಕೆಲಸ ಕೊಡಿಸಿದವರೂ ಅವರೇ. “ಗುರುಬಾಯಿ, ಒಳಗ ಹೋಗ್ರಿ” ಎಂದರು, ಅಷ್ಟೇ. ಆಕೆ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಕೂಗಿದ್ದಕ್ಕಿಂತ ಹಾಗೆ ತಟ್ಟನೆ ಒಳಗೆ ಹೋದದ್ದು ಗೋದಾವರಿಯನ್ನು ಸುಟ್ಟಿತು. ಹೊರಡುವ ಮುಂಚೆ ಅಡುಗೆಮನೆಯ ಹಿಂದೆ ಹೋಗಿ ಆಕೆಯ ಮನೆಯ ಗುರುತು ಕೇಳಿಕೊಂಡು ಬಂದಳು. ಭಾನುವಾರ ನನ್ನ ಬೈಕಿನಲ್ಲಿ ಇಬ್ಬರೂ ಹೋದೆವು.

ಗುರುಬಾಯಿ ಪಾಳಿಗೆ ಹೋಗಿದ್ದಳು. ಆಕೆಯ ಗಂಡ ಚಂದ್ರಾಮ ಒಬ್ಬನೇ ಹೊಸ್ತಿಲಲ್ಲಿ ಕೂತಿದ್ದ. ಮೂವತ್ತೈದರ ಒಳಗಿನ ವಯಸ್ಸು. ಎಡಗಣ್ಣಿರಲಿಲ್ಲ, ಬಲಗೈಯ ಬೆರಳುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ನಾವು ಯಾರೆಂದು ಹೇಳಿದಾಗ ಬೈಯುತ್ತಾನೆ ಎಂದುಕೊಂಡೆ. ಅವನು ಬೈಯಲಿಲ್ಲ. ನಡೆದದ್ದನ್ನು ಪೊಲೀಸರ ಮುಂದೆ ಹೇಳುವವನಂತೆ ಒಂದೊಂದೇ ಹೇಳಿದ.

“ಬಿಸಿ ನಲವತ್ತು ಡಿಗ್ರಿ ಕೆಳಗ ಬಂದ ಮ್ಯಾಲ ಮುಚ್ಚಳ ತೆರಿಬೇಕು. ಕೆಳಗಿನ ಮೀಟರ್ ಕೆಟ್ಟು ನಾಕು ತಿಂಗಳಾಗಿತ್ರಿ. ಬಿಸಿ ಎಷ್ಟೈತಿ ಅನ್ನೋದು ಮ್ಯಾಲಿನ ಗಾಜಿನ ಕ್ಯಾಬಿನ್ನ್ಯಾಗ ಕೂತಾಂವಗ ಅಷ್ಟ ಕಾಣ್ತಿತ್ತು. ಅಂವ ಕೈ ಮಾಡಿದ್ರ ತೆರಿಯೋದು. ಆವತ್ತ ನಾ ಮ್ಯಾಲ ನೋಡಿದೆ. ಅಂವ ಫೋನ್‌ನ್ಯಾಗ ಮಾತಾಡಾಕತ್ತಿದ್ದ. ನನ್ನ ನೋಡಿದ. ತೆರಿ ಅಂತ ಕೈ ಮಾಡಿದ. ತೆರದೆ.”

“ಕ್ಯಾಬಿನ್ನ್ಯಾಗ ಇದ್ದಾಂವ ಯಾರ್ರಿ ಅಣ್ಣಾರ?” ಗೋದಾವರಿ ಕೇಳಿದಳು.

“ಮಹೇಶಕುಮಾರ. ಆವಾಗ ಶಿಫ್ಟ್ ಇನ್‌ಚಾರ್ಜ್ ಇದ್ದ. ಆಮ್ಯಾಲ ಅಂವನ್ನ ಸೇಫ್ಟಿಗೆ ಹಾಕಿದ್ರು.” ಚಂದ್ರಾಮ ಒಳಗಿನಿಂದ ಒಂದು ಕಾಗದ ತಂದು ತೋರಿಸಿದ. ವಿಚಾರಣೆಯ ವರದಿ. ‘ಕಾರ್ಮಿಕನ ಅಜಾಗರೂಕತೆ’ ಎಂಬ ಸಾಲಿನ ಕೆಳಗೆ ಯಾರೋ ಪೆನ್ನಿನಿಂದ ಗೆರೆ ಎಳೆದಿದ್ದರು, ಕಾಗದ ಹರಿಯುವಷ್ಟು ಒತ್ತಿ. “ನನಗ ಕಣ್ಣು ಬ್ಯಾಡ್ರಿ, ಹೋತು. ಈ ಸಾಲು ತೆಗಿಸಬೇಕು.”

ವಾಪಸು ಬರುವಾಗ ಹೆದ್ದಾರಿಯ ಒಂದು ಹೋಟೆಲಿನಲ್ಲಿ ಬೈಕ್ ನಿಲ್ಲಿಸಲು ಹೇಳಿದಳು. ಚಹಾ ಬಂದರೂ ಮುಟ್ಟಲಿಲ್ಲ.

“ಸರ, ಆಫೀಸಿನ ಕೆಳಗ ಚಾ ಕುಡಿಯಾಗ ನೀವು ದಿನಾ ಒಂದು ಮಾತು ಹೇಳ್ತಿದ್ರಲ್ಲ, ಮಧ್ಯಮ ಪುರುಷ ಅಂತ.”

ಹೇಳುತ್ತಿದ್ದೆ. ಗೇಮುಗಳಲ್ಲಿ ಎರಡು ನೋಟಗಳಿವೆ. ಕ್ಯಾಮೆರಾ ನನ್ನ ಕಣ್ಣಲ್ಲೇ ಇದ್ದರೆ ಉತ್ತಮ ಪುರುಷ, ಅಂದರೆ ನಾನು. ಬೆನ್ನ ಹಿಂದೆ ಗಾಳಿಯಲ್ಲಿ ತೇಲುತ್ತಿದ್ದರೆ ಅನ್ಯ ಪುರುಷ, ಅಂದರೆ ಅವನು. ಹಾಗಾದರೆ ಮಧ್ಯಮ ಪುರುಷ, ಅಂದರೆ ‘ನೀನು’, ಎಲ್ಲಿ? ನನ್ನ ಉತ್ತರ ಇದು: ಕ್ಯಾಮೆರಾ ನನ್ನ ಎದುರಿಗಿರುವವನ ಕಣ್ಣಲ್ಲಿರಬೇಕು. ಗುಂಡಿ ಒತ್ತಿದರೆ ಓಡುವವನು ನಾನೇ, ಆದರೆ ಓಡುತ್ತಿರುವ ನನ್ನನ್ನು ನಾನು ಕಾಣುವುದು ಅಟ್ಟಿಸಿಕೊಂಡು ಬರುವವನ ಕಣ್ಣಿನಿಂದ. ಎರಡು ವರ್ಷದಿಂದ ಇದನ್ನು ಎಲ್ಲರಿಗೂ ಹೇಳಿ ಮೆಚ್ಚಿಸಿದ್ದೆ. ಒಂದು ಸಲವೂ ಮಾಡಿ ನೋಡಿರಲಿಲ್ಲ.

“ಚಂದ್ರಾಮಣ್ಣನ ಕಣ್ಣಿಂದ ನೋಡಿದ್ರ ಏನೂ ಕಾಣಂಗಿಲ್ಲ, ಮೀಟರ್ ಕೆಟ್ಟೈತಿ” ಎಂದಳು ಗೋದಾವರಿ. “ಗಾಳ್ಯಾಗ ಕ್ಯಾಮೆರಾ ಇಟ್ರ ಯಾರೂ ನೋಡಿಲ್ಲ ಅಂದಂಗಾತು. ಆದ್ರ ನೋಡಾಂವ ಒಬ್ಬ ಇದ್ದ. ಕ್ಯಾಮೆರಾ ಆ ಕ್ಯಾಬಿನ್ನ್ಯಾಗ ಇಡೂಣು. ನಡಸೋದು ಚಂದ್ರಾಮಣ್ಣನ್ನ, ನೋಡೋದು ಅಂವನ ಕಣ್ಣಿಂದ.”

ಮೈ ಜುಂ ಎಂದಿತು. ಚಂದ್ರಾಮನಿಗಾಗಿ ಅಲ್ಲ, ನನ್ನ ಮಾತಿಗೆ ಕೊನೆಗೂ ಒಂದು ಆಟ ಸಿಕ್ಕಿತು ಎಂದು. ಇವತ್ತಿಗೂ ಆ ಸಂತೋಷಕ್ಕೆ ನನಗೆ ನಾಚಿಕೆಯಿದೆ. “ಮಾಡು. ಆದರೆ ನಮ್ಮಿಬ್ಬರಲ್ಲೇ ಇರಲಿ. ಕಾರ್ಖಾನೆಯವರಿಗೆ ಹಳೆಯದನ್ನೇ ತೋರಿಸೋಣ” ಎಂದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಚಂದ್ರಾಮನಿಗೆ ಫೋನ್ ಮಾಡಿ ಕೇಳಿದಳು. ಅವನು ಮಾಡ್ರಿ ಎಂದ. ಒಂಬತ್ತು ದಿನದಲ್ಲಿ ಮುಗಿಸಿದಳು.

ಕೊನೆಯ ಪ್ರದರ್ಶನದ ದಿನ ತರಬೇತಿ ಕೋಣೆಯಲ್ಲಿ ಇಪ್ಪತ್ತೆರಡು ಕಾರ್ಮಿಕರಿದ್ದರು. ಮಹೇಶಕುಮಾರ ಮೀಟಿಂಗಿನಲ್ಲಿದ್ದರು, ಬರುತ್ತಾರೆ ಎಂದರು. ಗೋದಾವರಿ ಲ್ಯಾಪ್‌ಟಾಪ್ ತೆರೆದು ಹೊಸದನ್ನು ಹಾಕಿದಳು. ನಾನು ಪಕ್ಕದಲ್ಲೇ ಇದ್ದೆ. “ಗೋದಾವರಿ, ಬೇಡ” ಎಂದೆ. ಕೇಳಿಸದವಳಂತೆ ಮೊದಲನೆಯವನನ್ನು ಕರೆದು ಕೂರಿಸಿದಳು.

ಪರದೆಯಲ್ಲಿ ಗಾಜಿನ ಕ್ಯಾಬಿನ್ನಿನ ಒಳಗಿನ ನೋಟ. ಮುಂದೆ ಮೇಜು, ಒಂದು ಫೋನು, ಫಲಕದ ಮೇಲೆ ದೊಡ್ಡ ಅಂಕಿಯಲ್ಲಿ ಎಪ್ಪತ್ತೆಂಟು, ವಿಚಾರಣೆಯ ವರದಿಯಲ್ಲಿದ್ದ ಅಪಘಾತದ ಹೊತ್ತಿನ ಬಿಸಿ. ಗಾಜಿನಾಚೆ, ದೂರ ಕೆಳಗೆ, ನೀಲಿ ಅಂಗಿಯ ಒಬ್ಬ ಮನುಷ್ಯ, ಹೆಬ್ಬೆರಳಿನಷ್ಟು. ಗುಂಡಿ ಒತ್ತಿದರೆ ಆ ಮನುಷ್ಯ ನಡೆಯುತ್ತಾನೆ. ರಿಯಾಕ್ಟರಿನ ಬಳಿ ನಿಂತು ತಲೆ ಎತ್ತಿ ನಮ್ಮನ್ನೇ ನೋಡುತ್ತಾನೆ. ಈಗ ನಡೆಸುವ ಗುಂಡಿಯಿಂದ ಮುಚ್ಚಳ ತೆರೆಯುವುದಿಲ್ಲ. ತೆರೆ ಎಂದು ಕೈ ಮಾಡುವ ಗುಂಡಿ ಬೇರೆಯೇ ಇದೆ.

ಮೊದಲನೆಯವನು ಅಂಕಿ ನೋಡಿ ಬೆರಳು ಹಿಂದೆಗೆದ. ಅಂಕಿ ಮೆಲ್ಲಗೆ ಇಳಿಯಿತು. ಮೂವತ್ತೊಂಬತ್ತಾದಾಗ ಒತ್ತಿದ. ಮುಚ್ಚಳ ತೆರೆಯಿತು, ಏನೂ ಆಗಲಿಲ್ಲ. ‘ಪಾಳಿ ಮುಗಿಯಿತು. ಅವನು ಮನೆಗೆ ಹೋದ’ ಎಂದು ಬಂತು. ಎರಡನೆಯವನೂ ಕಾದ. ಮೂರನೆಯವನೂ. ಐದನೆಯವನ ಹೊತ್ತಿಗೆ ಸುತ್ತ ನಿಂತವರೆಲ್ಲ “ತಡಿ, ತಡಿ, ಇನ್ನಾ ಬಿಸಿ ಐತಿ” ಎಂದು ಕೂಗುತ್ತಿದ್ದರು. ಐವರಲ್ಲಿ ಒಬ್ಬನೂ ಆ ಮನುಷ್ಯನನ್ನು ಸುಡಲಿಲ್ಲ.

ಚಪ್ಪಾಳೆ ಕೇಳಿಕೊಂಡೇ ಮಹೇಶಕುಮಾರ ಒಳಗೆ ಬಂದರು. “ಎಲ್ಲಾರೂ ಪಾಸ್ ಏನು? ಭಾಳ ಚಲೋ ಆತು.”

“ನೀವೂ ಒಮ್ಮೆ ಆಡ್ರಿ ಸರ” ಎಂದಳು ಗೋದಾವರಿ.

ನಗುತ್ತಲೇ ಕೂತರು. ಮನುಷ್ಯನನ್ನು ನಡೆಸಿದರು. ಅವನು ತಲೆ ಎತ್ತಿ ನೋಡಿದಾಗ ನಗು ನಿಂತಿತು.

“ತೆರೀರಿ ಸರ.”

“ಹೆಂಗ ತೆರಿಲಿ? ಎಪ್ಪತ್ತೆಂಟು ಐತಲ್ಲ!”

“ಅದು ಕೆಳಗ ನಿಂತಾಂವಗ ಕಾಣಸ್ತೈತೇನ್ರಿ?”

ಹಿಂದಿನಿಂದ ಯಾರೋ “ಕಾಣಂಗಿಲ್ಲ. ಕೆಳಗಿನ ಮೀಟರ್ ಕೆಟ್ಟಿತ್ತು” ಎಂದರು.

“ಹಂಗಾರ ಯಾರಿಗೆ ಕಾಣ್ತಿತ್ರಿ?” ಗೋದಾವರಿಯ ದನಿ ಏರಿತು. “ಇಲ್ಲಿ ಐದು ಮಂದಿ ಆಡಿದ್ರು. ಎಪ್ಪತ್ತೆಂಟು ಕಂಡಾವ್ರು ಯಾರೂ ತೆರೀಲಿಲ್ಲ. ನೀವೂ ಈಗ ತೆರೀಲಿಲ್ಲ. ಆವತ್ತ ಯಾಕ ಕೈ ಮಾಡಿದ್ರಿ? ಫೋನ್‌ನ್ಯಾಗ ಯಾರಿದ್ರು?”

“ಬಂದ್ ಮಾಡ್ರಿ ಇದನ್ನ! ಯಶವಂತ್, ಬಂದ್ ಮಾಡ್ರಿ!”

ನಾನು ಕೈ ಚಾಚಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ. ಗೋದಾವರಿ ಮಹೇಶಕುಮಾರನನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ವರ್ಣಿಸಲಾರೆ.

ಸಂಜೆ ನಮ್ಮ ಮಾಲೀಕರು ಅವಳಿಗೆ ನಾಳೆಯಿಂದ ಬರಬೇಡ ಎಂದರು. ನಾನು ಅದೇ ಕೋಣೆಯಲ್ಲಿದ್ದೆ, ಬಾಯಿ ಬಿಡಲಿಲ್ಲ. ಆಮೇಲಿನ ವಾರ ಕಾರ್ಖಾನೆಗೆ ಹಳೆಯ ಆಟವನ್ನೇ ಸರಿಮಾಡಿ ಕೊಟ್ಟವನೂ ನಾನೇ. ಕೆಂಪು ಪರದೆ, ‘ನೀನು’, ಎಲ್ಲ ಇದ್ದ ಹಾಗೆ.

ಮುಂದಿನ ಸೋಮವಾರ ಗುರುಬಾಯಿ ನಮ್ಮ ಕಟ್ಟಡದ ಗೇಟಿಗೆ ಬಂದು ಕಾವಲಿನವನ ಜೊತೆ ಜಗಳ ತೆಗೆದಿದ್ದಳು. ಕ್ಯಾಬುಗಳಿಂದ ಇಳಿಯುತ್ತಿದ್ದವರೆಲ್ಲ ನಿಂತು ನೋಡುತ್ತಿದ್ದರು. ನನ್ನನ್ನು ಕಂಡು, “ಆ ಹುಡುಗಿ ಎಲ್ಲಿ ಅದಾಳ?” ಎಂದಳು. ಬಸ್ಸು ಹತ್ತಿಸಿಕೊಂಡು ಅಮೀರ್‌ಪೇಟೆಗೆ ಕರೆದೊಯ್ದೆ. ಹಾಸ್ಟೆಲಿನ ಮೆಟ್ಟಿಲ ಮೇಲೆ ಗೋದಾವರಿಯನ್ನು ಕಂಡದ್ದೇ ಸಿಡಿದಳು.

“ನನ್ನ ಕೇಳಿದ್ಯೇನು ನೀ? ನನ್ನ ಗಂಡನ್ನ ಕೇಳಿದಿ. ಮನಿ ನಡಸಾಕಿ ನಾ. ಮರುದಿನಾನ ಕ್ಯಾಂಟೀನಿನ್ಯಾಗಿಂದ ತೆಗದು ಹಾಕಿದ್ರು. ನಿನಗ ಸಿಟ್ಟು ಬಂತು, ನೀ ಆಟ ಮಾಡಿದಿ. ನನಗ ಸಿಟ್ಟಿಲ್ಲೇನು? ಒಂದು ವರ್ಷ ಆ ಮಹೇಶಕುಮಾರನ ಎಂಜಲ ತಾಟು ಎತ್ತೀನಿ ನಾ. ಆ ಸಿಟ್ಟು ನುಂಗಿ ಎರಡು ಹೊಟ್ಟಿ ತುಂಬಿಸೀನಿ. ನೀ ಯಾರು ಅದನ್ನ ಕೆಡಸಾಕಿ?”

ನಾನು ಏನೋ ಸಮಾಧಾನ ಹೇಳಲು ಹೋದೆ. ಗೋದಾವರಿ ಕೈಯಡ್ಡ ಮಾಡಿ ತಡೆದಳು.

“ಖರೆ ಐತ್ರಿ ಅಕ್ಕಾರ. ನಿಮ್ಮನ್ನ ಕೇಳಬೇಕಿತ್ತು. ತಪ್ಪು ನಂದ.”

ಗುರುಬಾಯಿ ಇನ್ನೂ ಬೈದಳು. ಬೈಯುವುದು ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು: “ಎಪ್ಪತ್ತೆಂಟು ಅಂತ ಅಂವ ತನ್ನ ಬಾಯಿಲೆ ಅಂದಿದ್ದು ಖರೆ ಏನು?”

“ಖರೆ. ತೆರಿಯಾಕ ಬರಂಗಿಲ್ಲ ಅಂತ ಅಂವಗೂ ಗೊತ್ತು ಅನ್ನೋದು ಇಪ್ಪತ್ತೆರಡು ಮಂದಿ ಮುಂದ ಬಯಲಾತು.”

“ಹಂಗಾರ ಸಾಕ್ಷಿಗೆ ಬರಿ ಅವ್ರ ಹೆಸರು. ಅವರಿಗೆಲ್ಲ ಉಣ್ಣಾಕ ಹಾಕೀನಿ, ಒಬ್ಬೊಬ್ರನ್ನೂ ಬಲ್ಲೆ.” ಸಾರಿಗೆ ಉಪ್ಪು ಸಾಲದು ಎನ್ನುವವನು, ಉಳ್ಳಾಗಡ್ಡಿ ಎರಡು ಸಲ ಕೇಳುವವನು, ಅನ್ನ ಬಿಟ್ಟು ಬರೀ ರೊಟ್ಟಿ ಉಣ್ಣುವವನು, ಹೀಗೆ ನೆನಪು ಮಾಡಿಕೊಳ್ಳುತ್ತಾ ಹೆಸರು ಹೇಳಿದಳು. ಗೋದಾವರಿ ಬರೆದಳು. ಕೊನೆಗೆ ಗುರುಬಾಯಿ ನನ್ನತ್ತ ನೋಡಿದಳು. “ನೀವೂ ಅಲ್ಲೇ ಇದ್ರಿ.”

“ನನ್ನ ಕೆಲಸ…” ಎಂದೆ.

“ಹ್ಞಾಂ, ಇದ್ರು” ಎಂದಳು ಗೋದಾವರಿ. “ಬಂದ್ ಮಾಡಿದವ್ರು ಇವ್ರ.”

ಪಟ್ಟಿಯನ್ನು ಈಸಿಕೊಂಡು ನನ್ನ ಹೆಸರು ಬರೆದೆ. ಧೈರ್ಯ ಬಂದು ಬರೆದದ್ದಲ್ಲ. ಆ ಇಬ್ಬರು ಹೆಂಗಸರ ಮುಂದೆ ಬರೆಯದೆ ನಿಲ್ಲಲು ಆಗಲಿಲ್ಲ, ಅಷ್ಟೇ.

ಹಾಸ್ಟೆಲಿನವರು ಗುರುಬಾಯಿಯನ್ನು ಅಡುಗೆಗೆ ಇಟ್ಟುಕೊಂಡರು. ಗೋದಾವರಿ ಇನ್ನೊಂದು ಕಂಪನಿ ಸೇರಿದಳು. ಕಾರ್ಮಿಕ ಇಲಾಖೆಯ ಕಚೇರಿಗೆ ಸಾಕ್ಷಿ ಹೇಳಲು ಪಟ್ಟಿಯಲ್ಲಿದ್ದವರ ಪೈಕಿ ಮೂವರು ಬಂದೆವು, ನಾನೂ ಸೇರಿ. ಆಟವನ್ನು ತೋರಿಸಲು ಹೋದರೆ ಅಧಿಕಾರಿ ಬೇಡ ಎಂದರು. ಆಟ ಸಾಕ್ಷಿಯಲ್ಲ, ಕಿವಿಯಾರೆ ಕೇಳಿದ್ದನ್ನು ಹೇಳಿ ಎಂದರು. ಹೇಳಿದೆ. ಹದಿನೈದು ದಿನದಲ್ಲಿ ನನ್ನ ಕೆಲಸವೂ ಹೋಯಿತು. ಮಹೇಶಕುಮಾರನನ್ನು ಬೇರೆ ಘಟಕಕ್ಕೆ ವರ್ಗ ಮಾಡಿದರು, ಅದೇ ಹುದ್ದೆಯಲ್ಲಿ.

ಆದೇಶ ಬರಲು ಹದಿನಾಲ್ಕು ತಿಂಗಳಾಯಿತು. ಅದನ್ನು ಚಂದ್ರಾಮನ ಮನೆಯಲ್ಲಿ ನಾನೇ ಓದಿ ಹೇಳಿದೆ. ಗೋದಾವರಿಯೂ ಬಂದಿದ್ದಳು. ‘ಕಾರ್ಮಿಕನ ಅಜಾಗರೂಕತೆ’ ಎಂಬುದನ್ನು ತೆಗೆದುಹಾಕಿ ಅಲ್ಲಿ ‘ಉಪಕರಣದ ದೋಷ’ ಎಂದು ಬರೆದಿದ್ದರು.

“ಉಪಕರಣ ಅಂದ್ರ?” ಚಂದ್ರಾಮ ಕೇಳಿದ.

“ಮೀಟರು.”

“ಮನುಷ್ಯಾರ ಹೆಸರಿಲ್ಲೇನು?”

“ಇಲ್ಲ.”

“ಮೀಟರ್ ನನಗ ಕೈ ಮಾಡಿತ್ತೇನ್ರಿ?” ಎಂದು ಎದ್ದು ನಿಂತ. ಗುರುಬಾಯಿ, ನಿನ್ನ ಮೇಲಿನ ಮಾತು ತೆಗೆದರಲ್ಲ, ಇನ್ನು ಸಾಕು ಮಾಡು ಎಂದಳು. ಸಾಕಾಗಿಲ್ಲ ಎಂದು ಅವನು ಕೂಗಿದ, ಅವಳೂ ಕೂಗಿದಳು. ಅವರ ಜಗಳದ ನಡುವೆ ಗೋದಾವರಿ ನನ್ನ ಕೈಯಿಂದ ಆದೇಶ ಕಿತ್ತುಕೊಂಡು, ಮೇಲ್ಮನವಿಗೆ ಎಷ್ಟು ದಿನ ಕೊಟ್ಟಿದ್ದಾರೆ ಎಂದು ಕೊನೆಯ ಪುಟ ಹುಡುಕತೊಡಗಿದಳು.