ಎಪ್ಪತ್ತರಾಚೆಯ ಎಸೆತಗಳು

ಜುಲೈ ತಿಂಗಳ ಮೊದಲ ಶನಿವಾರ. ಗದ್ದೆಗಳ ನೀರು ಬಸಿದು ಹತ್ತು ದಿನವಾಗಿತ್ತು. ಮಳೆಯ ಕಾಲ ಇನ್ನೂ ಮುಗಿದಿರದಿದ್ದರೂ ಎರಡು ದಿನದಿಂದ ಬಿಸಿಲು ಬಿದ್ದು, ಪೈರಿನ ಬುಡದ ಕೆಸರು ಬಾಯಿ ಬಿಡತೊಡಗಿತ್ತು. ಬೆರಳು ತೂರುವಷ್ಟು ಬಿರುಕು ಬಿಟ್ಟ ಮೇಲೆ ಮತ್ತೆ ನೀರು ಕಟ್ಟಬೇಕು. ಆಗ ಬೇರು ಆಳಕ್ಕಿಳಿಯುತ್ತದೆ, ಬಿರುಗಾಳಿಗೆ ಪೈರು ಮಲಗುವುದಿಲ್ಲ. ಅಷ್ಟರೊಳಗೆ ಬದುವಿನ ಹುಲ್ಲು ಸವರಿ ಮುಗಿಸಬೇಕೆಂದು ತೊಮೊಯೆ ಬೆಳಗಿನಿಂದ ಯಂತ್ರವನ್ನು ಹೆಗಲಿಗೆ ನೇತುಹಾಕಿಕೊಂಡು ಬದುವಿನ ಉದ್ದಕ್ಕೂ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಿದ್ದಳು.

ಹನ್ನೊಂದರ ಸುಮಾರಿಗೆ ಯಂತ್ರ ನಿಲ್ಲಿಸಿ ಬೆವರು ಒರೆಸಿಕೊಳ್ಳುವಾಗ ಕಂಬದ ಮೇಲಿನ ಧ್ವನಿವರ್ಧಕ ಗೊರಗುಟ್ಟಿತು. ಆಟದ ಮೈದಾನದ ಹಿಂದಿನ ಪಾಳು ಗದ್ದೆಯಲ್ಲಿ ಕರಡಿ ಕಂಡಿದೆ, ಜೊತೆಗೆ ಮರಿಯೂ ಇದೆ, ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ ಎಂದು ಊರಾಡಳಿತದ ಹುಡುಗಿಯ ದನಿ ಹೇಳಿತು. ಆ ಗದ್ದೆ ಪಾಳು ಬಿದ್ದು ಆರು ವರ್ಷ. ಮೊದಲು ಅಲ್ಲಿ ಮನುಷ್ಯರ ಓಡಾಟವಿತ್ತು, ಕರಡಿ ಗುಡ್ಡದ ಮೇಲೇ ಇರುತ್ತಿತ್ತು.

ದನಿ ನಿಂತ ಹೊತ್ತಿಗೆ ಒನೊದೆರಾ ಮೇಷ್ಟ್ರ ಬಿಳಿ ಪುಟ್ಟ ಟ್ರಕ್ಕು ಬಂದು ರಸ್ತೆಯಂಚಿಗೆ ನಿಂತಿತು.

ಒನೊದೆರಾನಿಗೆ ಎಪ್ಪತ್ತೊಂದು. ಶಾಲೆಯಲ್ಲಿ ಪಾಠ ಹೇಳಿದವನಲ್ಲ, ಅವನೂ ಬತ್ತ ಬೆಳೆಯುವವನೇ. ಮೂವತ್ತಾರು ವರ್ಷದಿಂದ ಊರಿನ ಮಕ್ಕಳಿಗೆ ಬೇಸ್‌ಬಾಲ್ ಕಲಿಸುತ್ತಾ ಬಂದದ್ದರಿಂದ ಎಲ್ಲರಿಗೂ ಮೇಷ್ಟ್ರು. ಹರೆಯದಲ್ಲಿ ಅವನು ಒಂದೇ ದಿನ ಇನ್ನೂರು ಎಸೆತ ಎಸೆದಿದ್ದನಂತೆ. ಅಂದಿನಿಂದ ಬಲಗೈ ಭುಜದಿಂದ ಮೇಲೇಳದು, ಟೋಪಿ ತೆಗೆಯುವುದೂ ಹಾಕುವುದೂ ಎಡಗೈಯಲ್ಲೇ. ಅದನ್ನವನು ಯಾರೋ ಕೊಟ್ಟ ಬಹುಮಾನದ ಹಾಗೆ ತೋರಿಸುತ್ತಿದ್ದ.

ಅವನ ಕಾಲಕ್ಕೆ ಈ ಕಣಿವೆಯಲ್ಲಿ ಐದು ತಂಡಗಳಿದ್ದವು. ಗಂಡುಹುಡುಗ ಹುಟ್ಟಿದರೆ ಅಜ್ಜ ಮೊದಲು ಕೊಳ್ಳುತ್ತಿದ್ದದ್ದೇ ಕೈಗವಸು. ಈಗ ಎರಡು ಊರು ಸೇರಿ ಒಂದು ತಂಡ, ಅದರಲ್ಲಿ ಸರಿಯಾಗಿ ಒಂಬತ್ತು ಮಕ್ಕಳು, ಒಂಬತ್ತರಲ್ಲಿ ಇಬ್ಬರು ಹುಡುಗಿಯರು. ಉಳಿದ ಮಕ್ಕಳನ್ನು ಶನಿವಾರ ಬೆಳಗ್ಗೆ ಪೇಟೆಯ ಫುಟ್‌ಬಾಲ್ ಸಂಘದ ನೀಲಿ ವ್ಯಾನು ಮನೆಬಾಗಿಲಿಗೇ ಬಂದು ಕರೆದೊಯ್ಯುತ್ತದೆ. ಅಲ್ಲಿ ಬೇಸ್‌ಬಾಲ್ ತಂಡದ ಹಾಗೆ ತಲೆ ಬೋಳಿಸಬೇಕಿಲ್ಲ. ತಾಯಂದಿರು ಸರದಿಯ ಪ್ರಕಾರ ಬಾರ್ಲಿ ಚಹಾ ಕಾಯಿಸಿ ತಂದು, ಹಿರಿಯರಿಂದ ಹಿಡಿದು ಕಿರಿಯರವರೆಗೆ ಲೋಟ ಹಂಚಿ, ದಿನವಿಡೀ ಬಿಸಿಲಲ್ಲಿ ನಿಲ್ಲಬೇಕಿಲ್ಲ. ಎರಡು ಗಂಟೆ ಆಟ, ಮತ್ತೆ ಮನೆಗೆ. ಹೋದ ವಾರ ಆ ವ್ಯಾನಿನ ಕಿಟಕಿಯಿಂದ ಒಬ್ಬ ಹುಡುಗ ಶೂಗೊನನ್ನು ಕಂಡು, “ಏನೋ ಬೋಳ, ನಿಮ್ ಟೀಮಲ್ಲಿ ಒಬ್ಬನಿಗೆ ಹೊಟ್ಟೆ ಕೆಟ್ರೆ ಆಟಾನೇ ಇಲ್ವಂತಲ್ಲೋ” ಎಂದು ಕೂಗಿದ್ದ. ಶೂಗೊ ತೊಮೊಯೆಯ ಮಗ, ಆರನೆಯ ತರಗತಿ. ತಂಡದಲ್ಲಿ ನೆಟ್ಟಗೆ ಚೆಂಡೆಸೆಯಬಲ್ಲವನು ಅವನೊಬ್ಬನೇ.

ಮೇಷ್ಟ್ರು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಪೈರು ನೋಡಿದ, ಬಿರುಕಿಗೆ ಬೆರಳು ತೂರಿಸಿ ನೋಡಿದ. ಕರಡಿಯ ಮಾತಾಡಿದ. ನಾಳೆಯ ಎರಡು ಆಟದ ಮಾತಿಗೆ ಬಂದ. ಎರಡನ್ನೂ ಗೆದ್ದರೆ ಅಕಿತಾ ಪ್ರಾಂತ್ಯದ ಪಂದ್ಯಾವಳಿಗೆ ಹೋಗಬಹುದು. ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿ ತಮಗೇ ಕೊಡಿ ಎಂದು ಫುಟ್‌ಬಾಲ್ ಸಂಘದವರು ಅರ್ಜಿ ಹಾಕಿದ್ದಾರೆ, ಆಗಸ್ಟಿನಲ್ಲಿ ತೀರ್ಮಾನ. ಪ್ರಾಂತ್ಯಕ್ಕೆ ಹೋದ ತಂಡವನ್ನು ಮೈದಾನ ಬಿಟ್ಟೇಳಿ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಸೋತರೆ ತಂಡ ಇರುವುದಿಲ್ಲ. ಇದೆಲ್ಲ ತೊಮೊಯೆಗೆ ಗೊತ್ತಿದ್ದದ್ದೇ. ಮೇಷ್ಟ್ರು ಹೇಳಲು ಬಂದದ್ದು ಬೇರೆ ಏನೋ ಇದೆ ಎಂದುಕೊಂಡು ಅವಳು ಕಾದಳು.

“ಮಕ್ಕಳ ಕೈ ಕೆಡುತ್ತೆ ಅಂತ ಒಬ್ಬೊಬ್ಬನಿಗೆ ದಿನಕ್ಕೆ ಎಪ್ಪತ್ತೇ ಎಸೆತ ಅಂತ ಕಾನೂನು ಮಾಡಿದಾರೆ” ಎಂದ ಅವನು. “ಎರಡು ಆಟ, ಒಬ್ಬನೇ ಹುಡುಗ. ಎಪ್ಪತ್ತಕ್ಕೆ ಹೆಂಗಮ್ಮ ಮುಗಿಯುತ್ತೆ. ಬರೆಯೋದು ನೀನೇ. ಪೆನ್ಸಿಲ್ ಸ್ವಲ್ಪ ನಿಧಾನ ಆದ್ರೆ ಯಾರೂ ಕೇಳಲ್ಲ.”

ಯಾರೂ ಕೇಳುವುದಿಲ್ಲ ಎಂಬುದು ನಿಜವೇ. ಈ ಕಣಿವೆಯ ಪಂದ್ಯಗಳಲ್ಲಿ ಆಯಾ ತಂಡದ ಎಸೆತವನ್ನು ಆಯಾ ತಂಡದ ತಾಯಿಯೊಬ್ಬಳು ಎಣಿಸಿ ಬರೆಯುತ್ತಾಳೆ. ಇನ್ನಿಂಗ್ಸ್ ಮುಗಿದಾಗ ಇಬ್ಬರೂ ಅಂಪೈರಿನ ಮೇಜಿನ ಮುಂದೆ ನಿಂತು ಸಂಖ್ಯೆ ಹೇಳಿ ತಲೆಬಾಗುತ್ತಾರೆ. ಒಬ್ಬಳು ಹೇಳಿದ ಸಂಖ್ಯೆಯನ್ನು ಇನ್ನೊಬ್ಬಳು ತಾಳೆ ನೋಡಿದರೆ, ಸುಳ್ಳಿ ಎಂದು ಮುಖಕ್ಕೇ ಅಂದ ಹಾಗೆ.

ತೊಮೊಯೆ ಯಂತ್ರದ ಅಲಗಿಗೆ ಸುತ್ತಿಕೊಂಡ ಹುಲ್ಲು ಬಿಡಿಸತೊಡಗಿದಳು. ಮೇಷ್ಟ್ರು ಎದ್ದು ಗದ್ದೆಯ ಆ ತುದಿಯವರೆಗೆ ಕಣ್ಣು ಹಾಯಿಸಿದ. “ಒಳ್ಳೆ ಮಣ್ಣು ಕಣಮ್ಮ ಇದು. ಎಷ್ಟು ಒದ್ದೆ ಇದ್ರೂ ಕಟಾವು ಯಂತ್ರ ಹೂತ್ಕೊಳ್ಳಲ್ಲ” ಎಂದು, ಎಡಗೈಯಲ್ಲಿ ಟೋಪಿ ಸರಿಮಾಡಿಕೊಂಡು ಹೊರಟುಹೋದ.

ಅವನು ಅಷ್ಟೇ ಅಂದದ್ದು. ಮೂರು ವರ್ಷದ ಹಿಂದೆ ಅವಳ ಗಂಡ ನೊರಿಯುಕಿ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದಾಗ, ಬಿರುಗಾಳಿ ನಾಳೆ ಎನ್ನುವ ದಿನ, ತನ್ನ ಬತ್ತವನ್ನು ಬಿಟ್ಟು ಮೊದಲು ಅವಳದನ್ನು ಕೊಯ್ದುಕೊಟ್ಟವನು ಒನೊದೆರಾ. ಅವನ ಎರಡು ಗದ್ದೆ ಮಲಗಿಹೋದವು. ಅವಳು ಕೊಡಹೋದ ಬತ್ತವನ್ನು ಅವನು ಮುಟ್ಟಲಿಲ್ಲ. ಆ ಮಾತನ್ನು ಇಲ್ಲಿಯವರೆಗೆ ಒಮ್ಮೆಯೂ ಎತ್ತಿರಲಿಲ್ಲ. ಇಂದೂ ಎತ್ತಿದ ಎನ್ನುವಂತಿರಲಿಲ್ಲ.

ಶೂಗೊನ ಮೊಣಕೈ ಅವಳ ಕಣ್ಣಿಗೆ ಬಿದ್ದು ಹತ್ತು ದಿನವಾಗಿತ್ತು. ಊಟಕ್ಕೆ ಕೂತವನು ಸೂಪಿನ ಬಟ್ಟಲನ್ನು ಎತ್ತದೆ ತಾನೇ ಬಗ್ಗಿ ಬಾಯಿ ಹಚ್ಚುತ್ತಿದ್ದ. ಮುಖ ತೊಳೆಯುವಾಗ ಒಂದೇ ಕೈ. ಶನಿವಾರ ರಾತ್ರಿ ಊಟ ಮುಗಿದ ಮೇಲೆ ಕೈ ಚಾಚು ನೋಡೋಣ ಎಂದಳು. ಚಾಚಿದ. ಎಡಗೈ ಕೋಲಿನ ಹಾಗೆ ನೆಟ್ಟಗಾಯಿತು, ಬಲಗೈ ಕುಡುಗೋಲಿನಂತೆ ಬಾಗಿಯೇ ನಿಂತಿತು. ಸೋಮವಾರ ಆಸ್ಪತ್ರೆಗೆ ಹೋಗೋಣ, ನಾಳೆ ಆಡುವುದು ಬೇಡ ಎಂದಳು.

“ನಾನು ಆಡದಿದ್ರೆ ಎಂಟೇ ಜನ ಆಗ್ತಾರಮ್ಮ” ಎಂದ ಅವನು. ಅತ್ತು ಹೇಳಿದ್ದಲ್ಲ. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎಂದಷ್ಟೇ ಸಲೀಸಾಗಿ ಹೇಳಿದ.

ನೊರಿಯುಕಿ ಟೀವಿಯ ಕಡೆ ಮುಖ ಮಾಡಿ ಕೂತಿದ್ದವನು, ಮೇಷ್ಟ್ರಿಗೆ ಏನಂತ ಹೇಳ್ತೀಯ ಎಂದು ಕೇಳಿದ. ಅವಳು ಎದ್ದುಹೋಗಿ ನಾಳೆಯ ಅನ್ನದ ಉಂಡೆಗೆ ಅಕ್ಕಿ ತೊಳೆಯತೊಡಗಿದಳು.

ಭಾನುವಾರ ಬೆಳಗ್ಗೆ ಮೋಡ ಕವಿದು ಗಾಳಿಯೇ ಇರಲಿಲ್ಲ. ಮೈದಾನದ ಹಿಂದಿನ ಪಾಳಿನಲ್ಲಿ ಆಳೆತ್ತರದ ಜೊಂಡು ಅಲುಗದೆ ನಿಂತಿತ್ತು. ಕರಡಿ ಹತ್ತಿರ ಸುಳಿಯದಿರಲೆಂದು ಊರಾಡಳಿತದವರು ಅಲ್ಲೊಂದು ರೇಡಿಯೋ ಇಟ್ಟುಹೋಗಿದ್ದರು. ಅದು ಯಾರೂ ಕೇಳದ ಸುದ್ದಿಯನ್ನು ದಿನವಿಡೀ ಹೇಳುತ್ತಲೇ ಇತ್ತು.

ಮೊದಲ ಆಟದಲ್ಲಿ ಅವಳ ಮೊದಲ ಸುಳ್ಳು ಎರಡನೆಯ ಇನ್ನಿಂಗ್ಸಿನಲ್ಲಿ ಬಂತು. ಒಂದು ಎಸೆತವಾಯಿತು, ಅವಳ ಪೆನ್ಸಿಲ್ ಏಳಲಿಲ್ಲ. ಅಷ್ಟೇ. ಇಷ್ಟು ಸುಲಭವೇ ಎಂದು ಅವಳಿಗೇ ದಿಗಿಲಾಯಿತು. ಆಮೇಲೆ ನಾಲ್ಕಕ್ಕೊಂದು ಬಿಟ್ಟಳು, ಕೆಲವೊಮ್ಮೆ ಮೂರಕ್ಕೊಂದು. ಬಿಟ್ಟದ್ದನ್ನೆಲ್ಲ ಹಾಳೆಯ ಹಿಂಬದಿಯಲ್ಲಿ ಸಣ್ಣ ಚುಕ್ಕೆಯಾಗಿ ಇಟ್ಟುಕೊಂಡಳು. ಯಾಕೆಂದು ಕೇಳಿದ್ದರೆ ಹೇಳಲಾರದೆ ಹೋಗುತ್ತಿದ್ದಳು. ಆಟ ಗೆದ್ದಾಗ ಅಂಪೈರಿನ ಮುಂದೆ ಅವಳು ಹೇಳಿದ್ದು ನಲವತ್ತೈದು. ಹಿಂಬದಿಯ ಚುಕ್ಕೆ ಹದಿನಾರು.

ಮಧ್ಯಾಹ್ನ ಅನ್ನದ ಉಂಡೆ ತಿನ್ನುವಾಗ ಮೇಷ್ಟ್ರು ಬಂದು ಚಹಾ ತೆಗೆದುಕೊಂಡ. ಅವಳ ಮುಖ ನೋಡಲಿಲ್ಲ. ಮಕ್ಕಳಿಗೆಲ್ಲ ಹುರುಪು. ಪ್ರಾಂತ್ಯದ ಪಂದ್ಯಾವಳಿಗೆ ಹೋದರೆ ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂರಬೇಕು ಎಂದು ಆಗಲೇ ಕಿತ್ತಾಟ ನಡೆದಿತ್ತು. ಶೂಗೊ ಒಬ್ಬನೇ ದೂರ ಕೂತು, ಉಂಡೆಯನ್ನು ಎಡಗೈಯಲ್ಲಿ ಹಿಡಿದು ತಿನ್ನುತ್ತಿದ್ದ.

ಎರಡನೆಯ ಆಟ ಕಮಿಸಾವಾ ತಂಡದ ಎದುರು. ಅವರ ಕಡೆ ಬರೆಯುವವಳು ನಲವತ್ತರ ಆಸುಪಾಸಿನ, ಅಗಲ ಹಣೆಯ ಹೆಂಗಸು. ಮೊದಲ ಇನ್ನಿಂಗ್ಸಿನ ಕೊನೆಗೆ ತೊಮೊಯೆ ಸಂಖ್ಯೆ ಹೇಳಿದಾಗ ಅವಳ ಪೆನ್ಸಿಲ್ ಅರೆಗಳಿಗೆ ತಡೆಯಿತು. ಆಮೇಲೆ ಬಾಗಿ ಹೇಳಿದ್ದನ್ನೇ ಬರೆದುಕೊಂಡಳು. ಬಾಗಿದ್ದು ಮಾಮೂಲಿಗಿಂತ ತುಸು ಹೆಚ್ಚಾಗಿಯೇ. ತೊಮೊಯೆಗೆ ಅರ್ಥವಾಯಿತು. ಇವಳಿಗೆ ಗೊತ್ತಾಗಿದೆ. ಗೊತ್ತಾಗಿಯೂ ಹೇಳುವುದಿಲ್ಲ. ಇಲ್ಲಿ ನಿಂತಿರುವ ಯಾರೂ ಹೇಳುವುದಿಲ್ಲ. ಶೂಗೊನ ಕೈ ಇಲ್ಲೇ, ಇಷ್ಟು ಜನ ಮರ್ಯಾದಸ್ಥರ ಕಣ್ಣೆದುರಿಗೇ ಮುರಿದುಹೋಗುತ್ತದೆ, ಎಲ್ಲರೂ ಟೋಪಿ ತೆಗೆದು ತಲೆಬಾಗುತ್ತಾರೆ.

ಎರಡನೆಯ ಇನ್ನಿಂಗ್ಸಿನಲ್ಲಿ ಶೂಗೊ ಪ್ರತಿ ಎಸೆತದ ನಂತರವೂ ಮುಂಗೈ ಕೊಡವತೊಡಗಿದ. ಚೆಂಡು ಮೊದಲಿನ ಹಾಗೆ ಹೋಗುತ್ತಿರಲಿಲ್ಲ, ಮೇಲೆದ್ದು ತೇಲುತ್ತಿತ್ತು. ಬೆಂಚಿನಿಂದ ಮೇಷ್ಟ್ರು ತಾಳ್ಮೆಯ ದನಿಯಲ್ಲಿ, ಇನ್ನೊಂದು ಕಣೋ, ಇನ್ನೊಂದೇ ಒಂದು ಎನ್ನುತ್ತಿದ್ದ. ಮೂರನೆಯವನು ಔಟಾಗಿ ಇನ್ನಿಂಗ್ಸ್ ಮುಗಿಯುವ ಹೊತ್ತಿಗೆ ಅವಳು ಈ ಆಟದ್ದೆಂದು ಬರೆದದ್ದು ಇಪ್ಪತ್ತು. ಚುಕ್ಕೆ ಏಳು. ದಿನದ ಲೆಕ್ಕ ಹಾಳೆಯ ಮೇಲೆ ಅರವತ್ತೈದು.

ಅಂಪೈರಿನ ಮುಂದೆ ಇಬ್ಬರೂ ನಿಂತರು. ತೊಮೊಯೆ ಹಾಳೆಯನ್ನು ಮಗುಚಿ ಹಿಂಬದಿಯನ್ನು ಮೇಜಿನ ಮೇಲಿಟ್ಟಳು.

“ನಾನು ತಪ್ಪು ಬರೆದಿದೀನಿ” ಎಂದಳು. “ಈ ಆಟದ್ದು ಇಪ್ಪತ್ತೇಳು. ಬೆಳಗಿನದು ಅರವತ್ತೊಂದು. ಎಲ್ಲ ಸೇರಿ ಎಂಬತ್ತೆಂಟು ಆಗಿದೆ.”

ಅಂಪೈರ್ ಅಂಚೆ ಕಚೇರಿಯಿಂದ ನಿವೃತ್ತನಾದ ಮುದುಕ. ಚುಕ್ಕೆಗಳನ್ನು ನೋಡಿದ, ಅವಳನ್ನು ನೋಡಿದ, ಕಮಿಸಾವಾದ ಹೆಂಗಸಿನ ಕಡೆ ತಿರುಗಿದ. ಅವಳು ನೆಲ ನೋಡುತ್ತಾ, “ನಾನು ಸುಮ್ನೆ ಎಣಿಸ್ಕೊಂಡಿದ್ರಲ್ಲೂ ಇಪ್ಪತ್ತೇಳೇ ಇದೆ” ಎಂದಳು. ಆಮೇಲೆ ತೊಮೊಯೆಗೆ ಮಾತ್ರ ಕೇಳುವಂತೆ, “ತಪ್ಪು ತಿಳ್ಕೋಬೇಡಿ ಅಕ್ಕ” ಎಂದಳು. ಏನನ್ನು ತಪ್ಪು ತಿಳಿಯಬಾರದೋ ಅದನ್ನು ಹೇಳಲಿಲ್ಲ.

ಶೂಗೊನನ್ನು ಚೆಂಡು ಹಿಡಿಯಲು ಮೈದಾನದ ದೂರದ ಅಂಚಿಗೆ ಕಳಿಸಿದರು. ಚೆಂಡು ಎಸೆಯಲು ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳನ್ನು ನಿಲ್ಲಿಸಿದರು, ಪಾಪ, ಅವಳ ಎಸೆತ ಅರ್ಧ ದೂರಕ್ಕೇ ನೆಲ ಮುಟ್ಟುತ್ತಿತ್ತು. ಕಮಿಸಾವಾದವರು ಹದಿನಾಲ್ಕಕ್ಕೆ ಮೂರರಿಂದ ಮುಂದಾದಾಗ, ಅಂತರ ಮೀರಿತೆಂದು ಆಟ ನಿಲ್ಲಿಸಿದರು. ಮೊದಲ ಆಟದ ಗೆಲುವನ್ನೂ ಕಿತ್ತುಹಾಕುವುದಾಗಿ ಅಂಪೈರ್ ಮೆಲ್ಲಗೆ ಹೇಳಿದ. ಮಕ್ಕಳು ಸಾಲಾಗಿ ನಿಂತು ಟೋಪಿ ತೆಗೆದು ಮೈದಾನಕ್ಕೆ ತಲೆಬಾಗಿದರು. ತಂಡದ ಬೇರೆ ತಾಯಂದಿರು ಚಹಾದ ಹೂಜಿಗಳನ್ನು ತೊಳೆದು ತಮ್ಮ ವ್ಯಾನಿಗೆ ಹಾಕಿಕೊಂಡರು. ತೊಮೊಯೆಯ ಹೂಜಿಯನ್ನೂ ತೊಳೆದು ಒರೆಸಿ ಅವಳ ಕಾಲ ಬಳಿ ಇಟ್ಟರು. 

ಎಲ್ಲರೂ ಹೋದ ಮೇಲೆ ಮೇಷ್ಟ್ರು ಮರದ ಕುಂಟೆ ಹಿಡಿದು ಮಣ್ಣು ಸಮ ಮಾಡುತ್ತಿದ್ದ. ತೊಮೊಯೆ ಹೋಗಿ ಎದುರಿಗೆ ನಿಂತು ಸೊಂಟ ಮುರಿಯುವಷ್ಟು ಬಾಗಿದಳು.

“ಆವತ್ತಿನ ಋಣ ನನ್ ಮೇಲೇ ಇರ್ಲಿ ಮೇಷ್ಟ್ರೇ. ನನ್ನದು ಅಂತ ಇರೋದು ಏನ್ ಬೇಕಾದ್ರೂ ಕೇಳಿ. ಅವನ ಕೈ ನನ್ನದಲ್ಲ.”

ಒನೊದೆರಾ ಕುಂಟೆ ಎಳೆಯುವುದನ್ನು ನಿಲ್ಲಿಸಲಿಲ್ಲ. “ಋಣ ಅಂತ ನಾನು ಯಾವತ್ತಾದ್ರೂ ಅಂದಿದ್ನಾ?”

“ಅಂದಿಲ್ಲ. ಅದಕ್ಕೇ ತೀರಿಸೋಕೆ ಆಗ್ತಿಲ್ಲ.”

ಅವನು ಆ ಸುತ್ತು ಮುಗಿಯುವವರೆಗೂ ಎಳೆದ, ಇನ್ನೊಂದು ಸುತ್ತು ಶುರುಮಾಡಿದ. ನಾಳೆಯಿಂದ ಯಾರೂ ತುಳಿಯದ ಮಣ್ಣನ್ನು ಅವನು ಎಂದಿನ ಹಾಗೇ ಒಳಗಿನಿಂದ ಹೊರಗೆ ಸುತ್ತುಸುತ್ತಾಗಿ ಸಮ ಮಾಡುತ್ತಿದ್ದ. ಅವಳ ಕಡೆ ಮತ್ತೆ ನೋಡಲಿಲ್ಲ. ಇನ್ನು ಮುಂದೆಯೂ ನೋಡಲಾರ ಎಂದು ಅವಳಿಗೆ ಖಾತ್ರಿಯಾಯಿತು. ಒಂದೇ ಕಾಲುವೆಯ ನೀರು, ಒಂದೇ ರಸ್ತೆ, ಇನ್ನೂ ಇಪ್ಪತ್ತು ವರ್ಷ.

ಮನೆಗೆ ಹೋಗುವಾಗ ತಮ್ಮ ಟ್ರಕ್ಕಿನಲ್ಲಿ ಶೂಗೊ ಬಲಗೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ, ಯಾರದೋ ವಸ್ತುವನ್ನು ಜೋಪಾನವಾಗಿ ಒಯ್ಯುವವನ ಹಾಗೆ. ಟ್ರಕ್ಕು ಸೇತುವೆ ದಾಟಿತು. ಆಮೇಲೆ, “ಎಷ್ಟು ಅಂದೆ ಅಲ್ಲಿ?” ಎಂದು ಕೇಳಿದ.

“ಎಂಬತ್ತೆಂಟು.”

“ತೊಂಬತ್ತೊಂದು. ಬೆಳಗ್ಗೆ ಮೂರು ಬಿಟ್ಟಿದೀಯ ನೀನು.”

ತೊಮೊಯೆ ಟ್ರಕ್ಕಿನ ವೇಗ ತಗ್ಗಿಸಿದಳು. ನಾಳೆ ಡಾಕ್ಟರ ಮುಂದೆ ಅಷ್ಟನ್ನೂ ಹೇಳೋಣ, ಏನನ್ನೂ ಬಿಡದೆ ಹೇಳಬೇಕು ಎಂದಳು.

ಅವನು ಕಿಟಕಿಯ ಕಡೆ ತಿರುಗಿ ಬಸಿದ ಗದ್ದೆಗಳನ್ನು ನೋಡಿದ.

“ಏಪ್ರಿಲಿಂದ ನೋಯ್ತಿತ್ತು ಅನ್ನೋದನ್ನೂ ಹೇಳ್ಬೇಕಾ?”