ಒಂದು ಚಿಟಿಕೆ ಕಡಿಮೆ ಮದ್ದು

ಹನ್ನೊಂದು ವರ್ಷ! ಹನ್ನೊಂದು ವರ್ಷದಿಂದ ಪ್ರತಿ ತಿಂಗಳ ಎರಡನೇ ಶನಿವಾರ ನನ್ನ ಹೆಂಡತಿ ರೋವೀನಾ ಉದ್ದ ಲಂಗ ತೊಟ್ಟು, ಸೊಂಟಕ್ಕೆ ಎರಡು ರಿವಾಲ್ವರ್ ಬಿಗಿದು, ಬೆನ್ಸನ್ ಊರಾಚೆಯ ಒಣಹಳ್ಳದ ಮೈದಾನದಲ್ಲಿ ನಡೆಯುವ ಕೌಬಾಯ್ ವೇಷದ ಗುರಿ ಹೊಡೆಯುವ ಪಂದ್ಯಕ್ಕೆ ಬಂದಿದ್ದಾಳೆ. ಆರು ಸುತ್ತು, ಸುತ್ತಿಗೆ ಇಪ್ಪತ್ತನಾಲ್ಕು ಗುಂಡು. ಒಂದೂ ತಪ್ಪದೆ ಆರೂ ಸುತ್ತು ಮುಗಿಸಿದವರ ಟೋಪಿಗೆ ತಾಮ್ರದ ಒಂದು ಪಿನ್ನು ಸಿಗುತ್ತದೆ. ರೋವೀನಾಳ ಟೋಪಿ ಇನ್ನೂ ಬೋಳು. ಪ್ರತಿ ಸಲವೂ ಒಂದು ಗುಂಡು ಕೈಕೊಡುತ್ತದೆ. ಹೋದ ಸೆಪ್ಟೆಂಬರಿನಲ್ಲಂತೂ ನೂರ ನಲವತ್ತಮೂರು ಗುರಿಫಲಕಗಳನ್ನು ಹೊಡೆದು, ಕಟ್ಟಕಡೆಯ ಗುಂಡನ್ನು ಮಣ್ಣಿಗೆ ಹೊಡೆದಳು.

ಈ ಮಾರ್ಚಿನ ಶನಿವಾರ ಐದು ಸುತ್ತು ಮುಗಿದಿತ್ತು. ನೂರ ಇಪ್ಪತ್ತಕ್ಕೆ ನೂರ ಇಪ್ಪತ್ತು!

ಯಾರೂ ಅದರ ಮಾತೆತ್ತಲಿಲ್ಲ. ಎತ್ತಬಾರದು. ಒಂದೂ ತಪ್ಪಿಸದೆ ಬಂದವರ ಎದುರು ‘ಕ್ಲೀನ್’ ಎಂಬ ಶಬ್ದ ಬಾಯಿಗೆ ಬಂದರೆ ಮುಂದಿನ ಗುಂಡು ತಪ್ಪುತ್ತದೆ ಎಂಬುದು ನಮ್ಮವರ ನಂಬಿಕೆ. ಎಲ್ಲರೂ ಹವೆಯ ಬಗ್ಗೆ, ಗಾಳಿಯ ಬಗ್ಗೆ, ಒಲೆಯ ಮೇಲೆ ಬೇಯುತ್ತಿದ್ದ ಬೀನ್ಸ್ ಬಗ್ಗೆ ಮಾತಾಡುತ್ತಿದ್ದರು. ಟೋಪಿಯ ತುಂಬ ಹದಿನಾಲ್ಕು ಪಿನ್ನು ಚುಚ್ಚಿಕೊಂಡ ನೇಡೀನ್ ಕ್ಲೂವರ್ ಮಾತ್ರ ರೋವೀನಾಳ ಬೋಳು ಟೋಪಿ ನೋಡಿ, “ಇವತ್ತು ಬಿಸಿಲು ಜಾಸ್ತಿ ಕಣೇ, ಆ ಟೋಪಿ ಬರೀದಾಗಿ ಹೊಳೀತಿದೆ” ಎಂದಳು.

“ನಿನ್ನ ಟೋಪಿ ಗುಜರಿ ಅಂಗಡಿ ಥರ ಇದೆ. ಭಾರಕ್ಕೆ ಕತ್ತು ಉಳುಕೀತು, ಜೋಪಾನ” ಎಂದಳು ರೋವೀನಾ.

ಪಂದ್ಯದ ಪಟ್ಟಿಯಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರಿಲ್ಲ, ಎಲ್ಲರಿಗೂ ಒಂದೊಂದು ಅಡ್ಡಹೆಸರು. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದ ರೋವೀನಾ ‘ಕರಕಲು ಬಿಸ್ಕತ್ತು’. ಕೊಳವೆಬಾವಿಗಳ ಪಂಪು ರಿಪೇರಿ ಮಾಡುತ್ತಿದ್ದ ನಾನು, ಆರ್ಲೋ ಪ್ರುಯಿಟ್, ‘ತುಕ್ಕು ಪಂಪು’. ನನ್ನ ಕೆಲಸ ಹೊಡೆಯುವವರ ಬಲಭುಜದ ಹಿಂದೆ ಟೈಮರ್ ಹಿಡಿದು ನಿಲ್ಲುವುದು. ಅವರ ಕೈಯಲ್ಲಿ ಕೋವಿ ಇರುವಷ್ಟು ಹೊತ್ತೂ ಅವರ ಪ್ರಾಣ ನನ್ನ ಹೊಣೆ.

ಇನ್ನೊಂದು ಕೆಲಸವೂ ನನ್ನದೇ. ಹಾರಿಸಿದ ಖಾಲಿ ಹಿತ್ತಾಳೆ ತೋಟಾಗಳನ್ನು ಹೆಕ್ಕಿ ತಂದು, ತೊಳೆದು, ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಸೀಸದ ಗುಂಡು ಒತ್ತುವುದು. ಮೂವತ್ತು ವರ್ಷದಲ್ಲಿ ನನ್ನ ಗ್ಯಾರೇಜಿನ ಬೆಂಚಿನಿಂದ ಒಂದೇ ಒಂದು ಠುಸ್ ತೋಟಾ ಹೊರಬಿದ್ದಿಲ್ಲ. ಠುಸ್ ಅಂದರೆ ಮದ್ದು ಬೀಳದೆ ಹೋದ ತೋಟಾ. ಬರೀ ಕೇಪಿನ ಬಲಕ್ಕೆ ಗುಂಡು ಹೊರಟು ನಳಿಗೆಯ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಸಿಡಿಯುತ್ತದೆ, ಬೆರಳುಗಳೂ ಹೋಗುತ್ತವೆ.

ಆರನೇ ಸುತ್ತು. ರೋವೀನಾ ಮರದ ಕಟ್ಟೆಯ ಹಿಂದೆ ನಿಂತಳು. ಪ್ರತಿ ಸುತ್ತಿಗೂ ಒಂದು ಡೈಲಾಗು ಇರುತ್ತದೆ, ಅದನ್ನು ಹೇಳಿದ ಮೇಲೆಯೇ ನಾನು ಟೈಮರ್ ಒತ್ತಬೇಕು.

“ನನ್ನ ಬೀನ್ಸ್ ಕದ್ದವನು ಯಾವನೋ?” ಎಂದು ಕೂಗಿದಳು.

ಟೈಮರ್ ಕೀಂಯ್ ಎಂದಿತು. ರೈಫಲ್ಲಿನ ಹತ್ತೂ ಗುಂಡು ಉಕ್ಕಿನ ಫಲಕಗಳ ಮೇಲೆ ಟಣ್ ಟಣ್ ಟಣ್! ಷಾಟ್‌ಗನ್ನಿನ ನಾಲ್ಕಕ್ಕೆ ನಾಲ್ಕು ಫಲಕ ಮಕಾಡೆ ಬಿದ್ದವು. ಇನ್ನು ಹತ್ತೇ ಹತ್ತು! ಎಡಗಡೆಯ ರಿವಾಲ್ವರ್ ಎಳೆದಳು. ಟಣ್. ಟಣ್. ಮೂರನೆಯದು—

ಪುಸ್.

ಫಲಕ ಸದ್ದು ಮಾಡಿದ್ದು ನನಗೆ ಕೇಳಲಿಲ್ಲ. ಅವಳ ಹೆಬ್ಬೆರಳು ಆಗಲೇ ಮುಂದಿನ ಗುಂಡಿಗೆ ಕೋವಿಯ ಕುದುರೆ ಎಳೆಯುತ್ತಿತ್ತು. ಹನ್ನೊಂದು ವರ್ಷ, ಏಳೇ ಗುಂಡು ಬಾಕಿ. ನಿಲ್ಲಿಸಿ, ನಳಿಗೆಯಲ್ಲಿ ಗುಂಡು ಸಿಕ್ಕಿದ್ದರೆ ಆ ಕೋವಿಯ ಉಳಿದೆರಡು ಗುಂಡು ತಪ್ಪಿದ ಲೆಕ್ಕ, ಪಿನ್ನು ಹೋಯಿತು. ನಿಲ್ಲಿಸದಿದ್ದರೆ ಆ ಬೆರಳು...

“ನಿಲ್ಲು!” ಎಂದು ಕಿರುಚಿದೆ. ಹಳ್ಳದಾಚೆ ಮೇಯುತ್ತಿದ್ದ ಹಸುಗಳೂ ತಲೆಯೆತ್ತಿದವು.

ಅವಳು ನಿಂತಳು. ಕೋವಿಯ ಮೂತಿ ಗುರಿಯ ಕಡೆಗೇ ಇಟ್ಟುಕೊಂಡು, ಹಲ್ಲು ಕಚ್ಚಿ, “ಅದು ತಾಗಿದೆ, ಆರ್ಲೋ. ಟಿಣ್ ಅಂತು. ನಾನು ಕೇಳಿದೀನಿ” ಎಂದಳು.

“ನನಗೆ ಕೇಳಲಿಲ್ಲ. ಕೋವಿ ಕಟ್ಟೆ ಮೇಲಿಡು.”

“ತಾಗಿದೆ ಅಂತೀನಿ!”

“ಕೆಳಗಿಡು, ರೋವೀನಾ!”

ಇಟ್ಟಳು. ನನ್ನ ಕಡೆ ನೋಡಲಿಲ್ಲ.

ಕೋವಿಯನ್ನು ಮೇಜಿಗೆ ಒಯ್ದು ತೋಟಾ ಬಿಚ್ಚಿದೆವು. ಗುರಿ ಎಣಿಸಲು ನಿಂತಿದ್ದ ಮೂವರೂ ಬಂದರು: ನೇಡೀನ್, ಊರಿನ ಹಲ್ಲಿನ ಡಾಕ್ಟರು, ಮತ್ತು ಹಾಲಿಸ್ ಸ್ಟ್ರೌಡ್. ದಟ್ಟ ಹೊಗೆ ಕಾರುವ ಹಳೇ ಕಾಲದ ಕರಿಮದ್ದು ಬಿಟ್ಟು ಬೇರೇನನ್ನೂ ಮುಟ್ಟದ ಹಾಲಿಸನನ್ನು ಎಲ್ಲರೂ ‘ಹೊಗೆ ಪಾದ್ರಿ’ ಎನ್ನುತ್ತಾರೆ. ನೇಡೀನ್ ಹಿತ್ತಾಳೆಯ ಸರಳು ತೆಗೆದು ನಳಿಗೆಯ ಬಾಯಿಗೆ ಇಟ್ಟಳು. ಮೂವತ್ತು ಜನ ಮೇಜಿನ ಸುತ್ತ ಮುತ್ತಿದರು. ಗುಂಡು ಸಿಕ್ಕಿಕೊಂಡಿದ್ದರೆ ರೋವೀನಾಳ ಪಿನ್ನೂ ಹೋಯಿತು, ನನ್ನ ಮೂವತ್ತು ವರ್ಷದ ಮಾನವೂ ಹೋಯಿತು.

ಸರಳು ಸರ್ರನೆ ಇಳಿದು ಆಚೆ ತುದಿಗೆ ಟಕ್ಕೆಂದಿತು.

“ಖಾಲಿ!” ಎಂದಳು ನೇಡೀನ್. “ನಳಿಗೆ ಖಾಲಿ! ನಿಲ್ಲಿಸಿದವನ ತಪ್ಪು. ಸುತ್ತು ಮೊದಲಿಂದ!”

ಗುಂಪು ಹೋ ಎಂದಿತು. ನಾನು ಹಿಗ್ಗಿನಿಂದ ಟೋಪಿ ಹಾರಿಸುವಷ್ಟರಲ್ಲಿ ಹಾಲಿಸ್ ರೋವೀನಾಳ ಸೊಂಟದ ಪಟ್ಟಿಯಿಂದ ಒಂದು ತೋಟಾ ಎಳೆದು ಕಿವಿಯ ಹತ್ತಿರ ಅಲ್ಲಾಡಿಸಿದ.

“ಪಂಪೂ, ಇದರಲ್ಲಿ ಮದ್ದು ಇದೆಯೋ, ಇಲ್ಲಾ ಮದ್ದಿನ ವಾಸನೆ ತೋರಿಸಿ ಮುಚ್ಚಿದೀಯೋ? ಇಷ್ಟು ಕಮ್ಮಿ ಇದ್ರೆ ಕೋವಿ ಬಗ್ಗಿಸಿದಾಗ ಮದ್ದೆಲ್ಲ ಮುಂದಕ್ಕೆ ಜಾರಿ ಪುಸ್ ಅನ್ನದೆ ಇನ್ನೇನು ಮಾಡುತ್ತೆ?”

ರೋವೀನಾ ನಿಧಾನವಾಗಿ ನನ್ನ ಕಡೆ ತಿರುಗಿದಳು. “ಆರ್ಲೋ. ನಿಜ ಹೇಳು.”

ಹೇಳಿದೆ. ಅಷ್ಟು ಜನರ ಎದುರು ಹೇಳಬೇಕಾಯಿತು, ಬೇರೆ ದಾರಿಯಿರಲಿಲ್ಲ. ಎರಡು ವರ್ಷದ ಹಿಂದೆ ಮನೆಯ ಮೆಟ್ಟಿಲಲ್ಲಿ ಜಾರಿ ಅವಳ ಬಲಗೈ ಮಣಿಕಟ್ಟು ಮುರಿದಿತ್ತು. ಒಳಗೆ ಲೋಹದ ಪಟ್ಟಿ ಹಾಕಿದ್ದಾರೆ. ಮತ್ತೆ ಹೊಡೆಯಲು ಬಂದಾಗ ಪ್ರತಿ ಗುಂಡಿಗೂ ಅವಳ ಮುಖ ಕಿವುಚುತ್ತಿದ್ದುದನ್ನು ಹಿಂದೆ ನಿಂತ ನಾನೊಬ್ಬನೇ ನೋಡಿದ್ದೆ. ಅದಕ್ಕೇ ಒಂದು ತಿಂಗಳು ಚೂರು ಮದ್ದು ಕಡಿಮೆ ಮಾಡಿದೆ. ಮುಂದಿನ ತಿಂಗಳು ಇನ್ನೊಂದು ಚೂರು. ನಿಯಮ ಮೀರಿರಲಿಲ್ಲ. ಆದರೆ ಅವಳಿಗೆ ಹೇಳಿರಲಿಲ್ಲ.

“ಹಿಟ್ಟು ನಾದಿ ನಾದಿ ಕೈ ಗಟ್ಟಿಯಾಯ್ತು ಅಂತ ಊರೆಲ್ಲ ಹೇಳ್ಕೊಂಡು ಬಂದೆನಲ್ಲೋ! ಚರ್ಚಲ್ಲಿ ಹೇಳಿದೆ. ಆ ಮೂಳೆ ಡಾಕ್ಟರ್‌ಗೂ ಹೇಳಿದೆ!” ಅವಳ ಕಣ್ಣಲ್ಲಿ ನೀರಿತ್ತು, ಆದರೆ ಅದು ಅಳುವಲ್ಲ, ಶುದ್ಧ ಸಿಟ್ಟು. “ನನ್ನ ಕೈ ನೋವು ನನಗೆ ಗೊತ್ತಾಗ್ಬೇಕೋ ಬೇಡವೋ, ಮುದುಕಾ?”

ನನಗೆ ನಾಚಿಕೆಯಾಯಿತು. ಪ್ರೀತಿಯೇ, ಸರಿ, ಆದರೆ ಮಗುವಿಗೆ ಹಾಲಿಗೆ ನೀರು ಬೆರೆಸಿ ಕುಡಿಸಿದ ಹಾಗೆ ಮಾಡಿಬಿಟ್ಟಿದ್ದೆ.

ಅವಳು ಪಟ್ಟಿಯಲ್ಲಿದ್ದ ನನ್ನ ತೋಟಾಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. “ಪಾದ್ರಿ, ನಿನ್ನ ಕೋವಿಗಳೂ ನನ್ನವೂ ಒಂದೇ ಅಳತೆ. ರೈಫಲ್ಲಿಗೂ ರಿವಾಲ್ವರ್‌ಗಳಿಗೂ ಸೇರಿ ಇಪ್ಪತ್ತು ತೋಟಾ ಕೊಡು.”

ಹಾಲಿಸ್ ಗಡ್ಡ ಕೆರೆದ. “ನಂದು ತುಂಬು ಕರಿಮದ್ದು ತಾಯಿ. ಕತ್ತೆ ಒದ್ದ ಹಾಗೆ ಒದೆಯುತ್ತೆ. ಅದೂ ಅಲ್ದೆ ಬೇರೆಯವರು ತುಂಬಿದ್ದನ್ನ ಹಾರಿಸಬಾರದು ಅಂತ ನಾನೇ ಎಲ್ಲರಿಗೂ ಉಪದೇಶ ಮಾಡ್ತೀನಿ.”

“ಕಟ್ಕೊಂಡ ಗಂಡ ತುಂಬಿದ್ದನ್ನೇ ಕಣ್ಮುಚ್ಚಿ ನಂಬಿದ್ದೆ. ಇನ್ನು ಪಾದ್ರಿ ತುಂಬಿದ್ದಕ್ಕೇನು? ಕೊಡು!”

ಇಪ್ಪತ್ತು ತೋಟಾ ಬಂತು. ಷಾಟ್‌ಗನ್ನಿನ ನಾಲ್ಕು ಅಂಗಡಿಯವೇ, ಅವುಗಳ ಚಿಂತೆಯಿರಲಿಲ್ಲ. ಚಿಂತೆ ಬೇರೆಯದಿತ್ತು. ಬೆಳಗಿನಿಂದ ಬೀಸುತ್ತಿದ್ದ ಗಾಳಿ ಸರಿಯಾಗಿ ಆ ಹೊತ್ತಿಗೇ ನಿಂತಿತ್ತು. ಕರಿಮದ್ದಿನ ಹೊಗೆ ಗಾಳಿಯಿಲ್ಲದಿದ್ದರೆ ಇದ್ದಲ್ಲೇ ಇರುತ್ತದೆ.

ಮತ್ತೆ ಕಟ್ಟೆಯ ಹಿಂದೆ ನಿಂತಳು. ನಾನು ಟೈಮರ್ ಹಿಡಿದು ಭುಜದ ಹಿಂದೆ ನಿಂತೆ. ಅವಳು ಅರ್ಧ ಕತ್ತು ತಿರುಗಿಸಿ, ನನ್ನನ್ನು ದುರುಗುಟ್ಟಿ ನೋಡುತ್ತ ಕೂಗಿದಳು:

“ನನ್ನ ಮದ್ದು ಕದ್ದವನು ಯಾವನೋ?”

ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಟೈಮರ್ ಒತ್ತಿದೆ.

ಢಂ! ಅದು ಗುಂಡಲ್ಲ, ಗುಡುಗು! ಮೊದಲ ರೈಫಲ್ ಏಟಿಗೇ ಬೆಂಕಿಯ ನಾಲಿಗೆ, ಬಿಳಿ ಹೊಗೆ, ಕೊಳೆತ ಮೊಟ್ಟೆಯ ವಾಸನೆ. ಢಂ ಟಣ್! ಢಂ ಟಣ್! ನಾಲ್ಕನೆಯ ಗುಂಡಿಗೆ ಫಲಕಗಳೇ ಕಾಣದಾದವು. ಆದರೆ ಅವಳು ನಿಲ್ಲಲಿಲ್ಲ! ಐದು ನಿಮಿಷದ ಹಿಂದೆ ತಾನೇ ಹೊಡೆದ ಜಾಗ ಅವಳ ಭುಜಕ್ಕೆ ನೆನಪಿತ್ತು. ಅಂದಾಜಿನ ಮೇಲೆ ಹೊಡೆದಳು, ಫಲಕ ಅಲ್ಲಿಂದ ಟಣ್ ಎಂದು ಓಗೊಟ್ಟಿತು. ಹತ್ತೂ! ಪಕ್ಕದ ಷಾಟ್‌ಗನ್ ಫಲಕಗಳ ಕಡೆ ಹೊಗೆ ತೆಳುವಾಗಿತ್ತು. ನಾಲ್ಕೂ ಉರುಳಿದವು. ಎಡಗಡೆಯ ರಿವಾಲ್ವರ್. ಪ್ರತಿ ಏಟಿಗೂ ಅವಳ ಕೈ ಮೇಲಕ್ಕೆ ಜಿಗಿಯುತ್ತಿತ್ತು, ಹಲ್ಲುಗಳ ನಡುವಿನಿಂದ ಒಂದು ಸದ್ದು ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಆದರೆ ಬಾಯಿ ಬಿಡಲಿಲ್ಲ. ಐದು ಟಣ್! ಬಲಗಡೆಯದು. ಒಂದು, ಎರಡು, ಮೂರು, ನಾಲ್ಕು!

ಕೊನೆಯದು. ಢಂ.

ಟಣ್ ಅನ್ನಲಿಲ್ಲ. ಹೊಗೆಯೊಳಗಿನಿಂದ ‘ಟಪ್’ ಎಂಬ ಮೊಂಡು ಸದ್ದು ಬಂತು, ಅಷ್ಟೇ.

ನಾನು ಎಣಿಸುವವರ ಕಡೆ ತಿರುಗಿದೆ. ಹಾಲಿಸ್ ಮುಷ್ಟಿ ಮೇಲೆತ್ತಿದ್ದ, ಅಂದರೆ ಒಂದೂ ತಪ್ಪಿಲ್ಲ. ಹಲ್ಲಿನ ಡಾಕ್ಟರು ಒಂದು ಬೆರಳು ಎತ್ತಿ ನಿಂತಿದ್ದರು. ಮೂವರಲ್ಲಿ ಇಬ್ಬರ ಮಾತೇ ಕೊನೆ. ಉಳಿದವಳು ನೇಡೀನ್, ಹದಿನಾಲ್ಕು ಪಿನ್ನಿನ ನೇಡೀನ್! ಅವಳು ಇದ್ದ ಜಾಗದಲ್ಲೇ ಇರಲಿಲ್ಲ. ಹೊಗೆ ತಪ್ಪಿಸಿಕೊಂಡು ಎಷ್ಟೋ ದೂರ ಪಕ್ಕಕ್ಕೆ ಓಡಿ, ಮುಳ್ಳುಪೊದೆಯ ನಡುವೆ ನಿಂತಿದ್ದಳು, ಲಂಗವೆಲ್ಲ ಹರಿದಿತ್ತು.

“ಡಾಕ್ಟ್ರೇ, ನಿಮಗೆ ತಪ್ಪಿತು ಅನ್ನಿಸಿದ್ದೋ, ತಪ್ಪಿದ್ದು ಗೊತ್ತಿದ್ದೋ?” ಎಂದು ಅಲ್ಲಿಂದಲೇ ಕೂಗಿದಳು.

“ಅನ್ನಿಸ್ತು...”

“ಅನ್ನಿಸಿದ್ದಕ್ಕೆಲ್ಲ ನಮ್ಮಲ್ಲಿ ಬೆರಳೆತ್ತೋ ಹಾಗಿಲ್ಲ! ನಾನು ಕಣ್ಣಾರೆ ಕಂಡೆ. ಫಲಕದ ಬಲ ಅಂಚಿನ ಬಣ್ಣ ಕಿತ್ತು ಹಾರ್ತು. ಕ್ಲೀನ್! ಕ್ಲೀನ್ ಕಣೇ, ಕರಕಲೂ!”

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಮೂವತ್ತು ಟೋಪಿ ಗಾಳಿಯಲ್ಲಿದ್ದವು. ನೇಡೀನ್ ಓಡಿ ಬಂದು ಅವಳನ್ನು ಎತ್ತಿಕೊಂಡು ಸುತ್ತಿದಳು. ನಾನು ಅತ್ತೆ, ಅದನ್ನು ಹೊಗೆಯ ಮೇಲೆ ಹಾಕಿದೆ. ಯಾರೂ ನಂಬಲಿಲ್ಲ.

ಮಧ್ಯಾಹ್ನ ಚಪ್ಪರದ ಕೆಳಗೆ ಊಟಕ್ಕೆ ಕೂತಾಗ ಅವಳ ಟೋಪಿಯಲ್ಲಿ ತಾಮ್ರದ ಪಿನ್ನಿತ್ತು, ಬಲಗೈ ಐಸು ತುಂಬಿದ ಪಾತ್ರೆಯಲ್ಲಿತ್ತು. ಮಣಿಕಟ್ಟು ಊದಿಕೊಂಡಿತ್ತು. ನಾನು ಅವಳ ತಟ್ಟೆಯ ಮಾಂಸವನ್ನು ಸಣ್ಣಗೆ ಕತ್ತರಿಸುತ್ತ ಕೂತೆ.

“ಮುಂದಿನ ತಿಂಗಳಿಗೆ ಎಷ್ಟು ಮದ್ದು ಹಾಕ್ತೀಯ?” ಎಂದಳು.

“ನೀನು ಹೇಳಿದಷ್ಟು. ಮೊದಲಿನಷ್ಟೇ ಹಾಕಲಾ?”

ಪಾತ್ರೆಯೊಳಗೆ ಬೆರಳು ಮಡಿಸಿ ನೋಡಿದಳು. ಮುಖ ಕಿವುಚಿತು. ಈ ಸಲ ಅದನ್ನು ನನ್ನಿಂದ ಮುಚ್ಚಿಡಲಿಲ್ಲ.

“ಒಂದು ಚಿಟಿಕೆ ಕಡಿಮೆ ಹಾಕು. ಆದರೆ ನನ್ನ ಕಣ್ಣೆದುರಿಗೇ ತೂಗು” ಎಂದು, ಎಡಗೈಯಲ್ಲಿ ಫೋರ್ಕು ಹಿಡಿದು ನಾನು ಕತ್ತರಿಸಿದ ತುಂಡು ತಿಂದಳು.