ಕದಲದೆ ಕೂತ ಪಂಢರಿನಾಥ ಕಾಕಾ

ಪೂರ್ಣಿಮಾ ಯೋಗ ಕಲಿಸುವುದರಲ್ಲಿ ಕೆಟ್ಟವಳೇನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಬೆಳಗಾವಿಯ ಟಿಳಕವಾಡಿಯ ತನ್ನ ಮನೆಯ ಮಾಳಿಗೆಯ ಮೇಲೆ ತಗಡು ಹೊದಿಸಿ ಬೆಳಗಿನ ಕ್ಲಾಸು ಶುರು ಮಾಡಿದಾಗ ಬಂದವರು ಅಕ್ಕಪಕ್ಕದ ಮನೆಯವರು ಮಾತ್ರ. ಈಗ ಅಲ್ಲಿ ಚಾಪೆ ಹಾಸಲು ಜಾಗ ಸಾಲುವುದಿಲ್ಲ. ಸೊಂಟ ಹಿಡಿದುಕೊಂಡು ಬಂದವರು ನೆಟ್ಟಗೆ ನಡೆದು ಹೋದರು, ರಾತ್ರಿ ನಿದ್ದೆ ಬಾರದವರು ಶವಾಸನದಲ್ಲಿ ಗೊರಕೆ ಹೊಡೆದರು. ಇಷ್ಟಾದ ಮೇಲೆ ಯಾರಿಗಾದರೂ ತನ್ನ ಕೈಗುಣದ ಮೇಲೆ ನಂಬಿಕೆ ಬರುತ್ತದೆ. ಪೂರ್ಣಿಮಾಗೆ ಅದು ಸ್ವಲ್ಪ ಜಾಸ್ತಿಯೇ ಬಂದಿತ್ತು.

ಖಾನಾಪುರದ ಆಚೆ, ಜಾಂಬೋಟಿ ಕಾಡಿನೊಳಗೆ, ಮಲಪ್ರಭೆಯ ದಂಡೆಗೆ ಅವಳ ಗಂಡ ಶಶಿಧರನ ಗೆಳೆಯನದೊಂದು ಜಾಗವಿತ್ತು. ನಾಲ್ಕಾರು ಡೇರೆ, ಹಂಚು ಹೊದಿಸಿದ ಪಡಸಾಲೆ, ನದಿಗೆ ಇಳಿಯಲು ಕಲ್ಲುಹಾಸು, ಎದುರಿಗೆ ಗುಡ್ಡ. ಮೊಬೈಲಿಗೆ ಸಿಗ್ನಲ್ ಇಲ್ಲ, ಅದೇ ಆ ಜಾಗದ ದೊಡ್ಡ ಗುಣವೆಂದು ಪೂರ್ಣಿಮಾ ಎಲ್ಲರಿಗೂ ಹೇಳಿದಳು. ದೀಪಾವಳಿ ಮುಗಿದು ಮಳೆಯ ಕೆಸರು ಆರಿದ ಮೇಲೆ ಅಲ್ಲಿ ಅವಳ ಮೊದಲ ಸ್ವಾಸ್ಥ್ಯ ಶಿಬಿರ. ಇದೊಂದು ಸರಿಯಾಗಿ ನಡೆದರೆ ಮುಂದೆ ಪ್ರತಿ ತಿಂಗಳೂ ಮಾಡಬಹುದು, ಪುಣೆ ಗೋವೆಯವರೂ ಬರಬಹುದು, ತಗಡಿನ ಮಾಳಿಗೆಯಿಂದ ಪಾರಾಗಬಹುದು. ಅದಕ್ಕೆ ಜನರ ಮುಂದೆ ನಿಲ್ಲಿಸಿ ತೋರಿಸಲು ಒಬ್ಬ ಮನುಷ್ಯ ಬೇಕಿತ್ತು. ಆ ಮನುಷ್ಯ ಪಂಢರಿನಾಥ ಕಾಕಾ.

ಕಾಕಾ ಅವಳ ಗಲ್ಲಿಯವರೇ. ಬ್ಯಾಂಕಿನಿಂದ ನಿವೃತ್ತರಾದವರು, ಕೊರಳಲ್ಲಿ ತುಳಸಿಮಾಲೆ, ಬಾಯಲ್ಲಿ ವಿಠ್ಠಲ, ಮೈಯಲ್ಲಿ ಸಕ್ಕರೆ ಕಾಯಿಲೆ. ಪೂರ್ಣಿಮಾಳ ಕ್ಲಾಸಿಗೆ ಬರತೊಡಗಿದ ಮೇಲೆ ಸಕ್ಕರೆ ಇಳಿದಿದೆಯೆಂದು ಅವರು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಪೂರ್ಣಿಮಾ ಅವರಿಗಿಂತ ಜಾಸ್ತಿ ಹೇಳುತ್ತಿದ್ದಳು. ಕಾಕಾನ ಹೆಂಡತಿ ಸುಮನ್ ಕಾಕು ಮಾತ್ರ ಏನೂ ಹೇಳುತ್ತಿರಲಿಲ್ಲ, ಗಂಡನ ಹಿಂದೆ ಶಾಲು, ನೀರಿನ ಬಾಟಲಿ, ಗುಳಿಗೆ ಹಿಡಿದುಕೊಂಡು ಓಡಾಡುತ್ತಿದ್ದಳು. ಇಬ್ಬರೂ ಜಗಳಾಡುವುದು ಮರಾಠಿಯಲ್ಲಿ, ಬೇರೆಯವರ ಮುಂದೆ ಒಬ್ಬರನ್ನೊಬ್ಬರು ದೂರುವುದು ಕನ್ನಡದಲ್ಲಿ.

ಹೊರಡುವ ಹಿಂದಿನ ದಿನ ಕಾಕು ಪೂರ್ಣಿಮಾಳ ಮನೆಗೆ ಬಂದಳು. ಹಿಂದೆಯೇ ಕಾಕಾ.

"ಅಗ ಪೂರ್ಣಿಮಾ, ಎರಡನೇ ದಿನ ಬರೇ ನೀರಿನ ಮ್ಯಾಲೆ ಇರಬೇಕಂತಲ್ಲ. ಇವರಿಗೆ ಅದು ಆಗಂಗಿಲ್ಲ ನೋಡು."

"ಯಾಕ ಆಗಂಗಿಲ್ಲ?" ಎಂದು ಕಾಕಾ ನಡುವೆ ಬಾಯಿ ಹಾಕಿದರು. "ಹುಡುಗ ಇದ್ದಾಗಿಂದ ಏಕಾದಶಿ ಹಿಡದೇನಿ. ಒಂದೂ ಬಿಟ್ಟಿಲ್ಲ. ಉಪವಾಸ ನನಗ ಹೇಳಿಕೊಡತೀರಿ?"

ಕಾಕಾನ ಏಕಾದಶಿ ಎಂಥದೆಂದು ಪೂರ್ಣಿಮಾಗೆ ಚೆನ್ನಾಗಿ ಗೊತ್ತಿತ್ತು. ಆ ದಿನ ಅವರ ಮನೆಯಿಂದ ಅವಳ ಮನೆಗೆ ಬಟ್ಟಲು ಬರುತ್ತಿತ್ತು: ತುಪ್ಪ ಸುರಿದ ಸಾಬೂದಾಣಿ ಖಿಚಡಿ, ಮೇಲೆ ಶೇಂಗಾ, ಬಾಜುವಿಗೆ ಬಾಳೆಹಣ್ಣು. ಉಳಿದ ದಿನಕ್ಕಿಂತ ಏಕಾದಶಿಯ ದಿನವೇ ಆ ಮನೆಯಲ್ಲಿ ಹೊಟ್ಟೆ ಬಿರಿಯುತ್ತಿತ್ತು. ಲಿಂಗಾಯತರ ಮನೆಯ ಹುಡುಗಿ ಪೂರ್ಣಿಮಾ ಸಣ್ಣವಳಿದ್ದಾಗಿಂದ ಆ ಖಿಚಡಿ ತಿಂದೇ ಬೆಳೆದವಳು. ಇದನ್ನು ಈಗ ಹೇಳಿದರೆ ಕಾಕಾಗೆ ಅವಮಾನ, ತನ್ನ ಶಿಬಿರಕ್ಕೆ ನಷ್ಟ. ಅವಳು ನಕ್ಕುಬಿಟ್ಟಳು.

"ಕಾಕಾಗೆ ನಡೀತದ ಬಿಡ್ರಿ ಕಾಕು. ಗುಳಗಿ ಮಾತ್ರ ರೂಢಿ ಪ್ರಕಾರ ತಗೋರಿ, ಅದನ್ನ ನಾ ಬಿಡಸಂಗಿಲ್ಲ," ಎಂದಳು. ಬಹಳ ಜವಾಬ್ದಾರಿಯ ಮಾತು ಆಡಿದೆನೆಂದು ಅವಳಿಗೆ ಅನಿಸಿತು. ಹೊಟ್ಟೆಗೆ ಕೂಳಿಲ್ಲದೆ ಗುಳಿಗೆಯೊಂದನ್ನೇ ನುಂಗಿದರೆ ಏನಾಗುತ್ತದೆಂದು ಯಾವ ಡಾಕ್ಟರನ್ನೂ ಅವಳು ಕೇಳಲಿಲ್ಲ. ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಶಿಬಿರಕ್ಕೆ ಬಂದವರು ಹತ್ತು ಮಂದಿಯೂ ಇರಲಿಲ್ಲ; ಸಾಮಾನು ಹೊತ್ತ ಜೀಪು ಶಶಿಧರನ ಕೈಯಲ್ಲಿತ್ತು. ಮೊದಲ ದಿನ ಪಡಸಾಲೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇಟ್ಟು, ಫೋನುಗಳನ್ನೂ ತಿನಿಸುಗಳನ್ನೂ ಅದರಲ್ಲಿ ಹಾಕಲು ಪೂರ್ಣಿಮಾ ಹೇಳಿದಳು. ಚೂಡಾ, ಬಿಸ್ಕೀಟು, ಕುಂದಾದ ಡಬ್ಬಿ, ಒಂದೊಂದಾಗಿ ಹೊರಗೆ ಬಂದವು, ಎಲ್ಲರೂ ನಕ್ಕರು. ಸುಮನ್ ಕಾಕುವಿನ ಚೀಲದಿಂದ ಖಿಚಡಿಯ ಡಬ್ಬಿ ಬಂತು. ಆಮೇಲೆ ಕರವಸ್ತ್ರದಲ್ಲಿ ಗಂಟು ಕಟ್ಟಿದ ಕಲ್ಲುಸಕ್ಕರೆ. ಅದನ್ನು ಕಾಕು ಬಿಡಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇದೊಂದ ಇರಲಿ. ಅವರಿಗೆ ಒಮ್ಮೊಮ್ಮೆ ಕೈಕಾಲ ನಡಗತಾವು. ಬಾಯಾಗ ಹಾಕಿದ್ರ ಸುಮ್ನಾಗತಾರ."

"ಕಾಕು, ನಾ ಅದೀನಲ್ಲ," ಎಂದಳು ಪೂರ್ಣಿಮಾ, ಅಂಗೈ ಚಾಚಿ.

ಎಲ್ಲರೂ ನೋಡುತ್ತಿದ್ದರು. ಕಾಕು ಗಂಟನ್ನು ಕೊಟ್ಟುಬಿಟ್ಟಳು. ಟ್ರಂಕಿಗೆ ಕೀಲಿ ಬಿತ್ತು, ಕೀಲಿಕೈ ಪೂರ್ಣಿಮಾಳ ಸೊಂಟಕ್ಕೆ ಸೇರಿತು. ತನ್ನ ಫೋನನ್ನು ಮಾತ್ರ ಅವಳು ಒಳಗೆ ಹಾಕಲಿಲ್ಲ. ಫೋಟೋ ಬೇಕಲ್ಲ.

ಎರಡನೆಯ ದಿನ ಮೌನ ಮತ್ತು ಉಪವಾಸ. ಬೆಳಕು ಹರಿಯುವ ಹೊತ್ತಿಗೆ ಎಲ್ಲರನ್ನೂ ನದಿಯ ದಂಡೆಗೆ ಕೂಡಿಸಿ ಪೂರ್ಣಿಮಾ ಕೊನೆಯ ಮಾತು ಆಡಿದಳು. "ಸಂಜೀಮುಂದ ನಾ ಗಂಟಿ ಬಾರಸೂತನಕ ಯಾರೂ ಮಾತಾಡಬ್ಯಾಡ್ರಿ, ಯಾರನೂ ಮುಟ್ಟಬ್ಯಾಡ್ರಿ. ಧ್ಯಾನಕ್ಕ ಕುಂತವರನ್ನ ಎಬ್ಬಸಬ್ಯಾಡ್ರಿ. ಬೆವರ ಬರಬಹುದು, ನಡುಕ ಬರಬಹುದು, ಅಳು ಬರಬಹುದು. ಹೆದರಬ್ಯಾಡ್ರಿ. ಒಳಗಿನ ಹೊಲಸ ಹೊರಗ ಹೋಗಾಕತ್ತೇತಿ ಅಂತ ತಿಳೀರಿ."

ಇದನ್ನು ಅವಳು ಎಲ್ಲಿಂದ ಕಲಿತಳೋ ದೇವರಿಗೇ ಗೊತ್ತು. ಆದರೆ ಹೇಳಿದ ರೀತಿ ಚೆಂದವಿತ್ತು, ಎಲ್ಲರೂ ತಲೆಯಾಡಿಸಿದರು.

ಕಾಕಾ ಗುಳಿಗೆ ನುಂಗಿ, ಒಂದು ತಂಬಿಗೆ ನೀರು ಕುಡಿದು, ನದಿಗೆ ಮುಖ ಮಾಡಿ ಮತ್ತಿ ಮರದ ಬುಡದ ಚಪ್ಪಟೆ ಬಂಡೆಯ ಮೇಲೆ ಕೂತರು. ಕಾಕು ಸ್ವಲ್ಪ ದೂರದಲ್ಲಿ ಕೂತಳು. ಕೂತ ಸ್ವಲ್ಪ ಹೊತ್ತಿಗೇ ಅವಳ ಬಾಯಿ ಜಾರಿತು. "ಅಹೋ, ಶಾಲ ಹೊದ್ಕೋರಿ!" ಆಮೇಲೆ ಮತ್ತೊಮ್ಮೆ, "ನೀರಿನ ಬಾಟಲಿ ಹತ್ರ ಇಟ್ಕೋರಿ." ಎರಡೂ ಸಲ ಸುತ್ತಲಿನವರು ಕಿಸಕ್ಕನೆ ನಕ್ಕರು. ಎರಡನೆಯ ಸಲ ಪೂರ್ಣಿಮಾ ಎದ್ದು ಬಂದು, ಕಾಕುವಿನ ಎದುರು ನಿಂತು, ತುಟಿಯ ಮೇಲೆ ಬೆರಳಿಟ್ಟಳು. ಶಾಲೆಯಲ್ಲಿ ಬೈಸಿಕೊಂಡ ಹುಡುಗಿಯ ಹಾಗೆ ಕಾಕು ತಲೆ ತಗ್ಗಿಸಿದಳು. ಆ ಮುಖದ ಮೇಲಿನ ನಾಚಿಕೆ ಪೂರ್ಣಿಮಾಗೆ ಕಂಡಿತು. ಕಂಡರೂ, ಮೌನ ಉಳಿಯಿತಲ್ಲ ಎಂಬ ಸಮಾಧಾನವೇ ಅವಳಿಗೆ ದೊಡ್ಡದಾಯಿತು.

ಬಿಸಿಲು ಏರಿತು. ಬಂದವರಲ್ಲಿ ಒಬ್ಬರು ಕಾಲು ಚಾಚಿದರು, ಒಬ್ಬರು ಸೊಳ್ಳೆ ಹೊಡೆದರು, ಒಬ್ಬರು ಕಳ್ಳನ ಹಾಗೆ ಪಡಸಾಲೆಯ ಕಡೆ ನೋಡಿದರು. ಕಾಕಾ ಮಾತ್ರ ಕದಲಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು, ಕೈ ತೊಡೆಯ ಮೇಲಿತ್ತು. ಅವರನ್ನು ನೋಡಿ ಉಳಿದವರೂ ನೆಟ್ಟಗೆ ಕೂತರು. ಇಷ್ಟು ವರ್ಷ ತಾನು ಬಾಯಿ ನೋಯುವಷ್ಟು ಹೇಳಿದ್ದನ್ನು ಈ ಹಿರಿಯ ಜೀವ ಕೂತು ತೋರಿಸುತ್ತಿದೆ ಎಂದುಕೊಂಡಳು ಪೂರ್ಣಿಮಾ. ಸದ್ದಾಗದಂತೆ ಫೋನು ತೆಗೆದು, ಹಿಂದೆ ನದಿ ಬರುವ ಹಾಗೆ ನಿಂತು ಫೋಟೋ ಹೊಡೆದಳು. 'ಮೌನದೊಳಗಿನ ಆನಂದ' ಎಂದು ಬರೆದು ಸ್ಟೇಟಸ್‌ಗೆ ಹಾಕಿದಳು. ಸಿಗ್ನಲ್ ಇರಲಿಲ್ಲ, ಅದು ಹೋಗಲಿಲ್ಲ. ಸಿಕ್ಕಾಗ ತಾನೇ ಹೋಗುತ್ತದೆಂದು ಫೋನನ್ನು ಜೇಬಿಗಿಟ್ಟಳು.

ಆಗ ಯಾರೋ ಅವಳ ಮಣಿಕಟ್ಟು ಹಿಡಿದರು. ಸುಮನ್ ಕಾಕು. ಎದ್ದು ಬಂದದ್ದೂ ಗೊತ್ತಾಗಿರಲಿಲ್ಲ. ಕಾಕು ಮಾತಾಡಲಿಲ್ಲ, ಕೈ ಮಾಡಿ ಗಂಡನನ್ನು ತೋರಿಸಿದಳು. ಆಮೇಲೆ ಪೂರ್ಣಿಮಾಳ ಸೊಂಟದ ಕೀಲಿಕೈಯನ್ನು ತೋರಿಸಿದಳು.

ಪೂರ್ಣಿಮಾ ನೋಡಿದಳು. ಕಾಕಾನ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮರದ ನೆರಳಲ್ಲಿ, ನದಿಯ ತಂಗಾಳಿಯಲ್ಲಿ, ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ಅವಳ ಎದೆ ಧಸಕ್ಕೆಂದಿತು. ಅದು ಖರೇ, ಅವಳ ಎದೆ ಧಸಕ್ಕೆಂದಿತ್ತು, ಅದನ್ನು ಅವಳು ಮುಂದೆ ಯಾರ ಮುಂದೆಯೂ ಇಲ್ಲವೆನ್ನಲಾರಳು. ಹೋಗಿ ಭುಜ ಮುಟ್ಟಿ "ಕಾಕಾ" ಎಂದಿದ್ದರೆ ಸಾಕಿತ್ತು. ಆದರೆ ದಂಡೆಯ ಮೇಲಿನ ಮುಖಗಳೆಲ್ಲ ಈಗ ಅವಳ ಕಡೆ ತಿರುಗಿದ್ದವು. ಟೀಚರ್ ತನ್ನ ನಿಯಮ ತಾನೇ ಮುರಿಯುತ್ತಾಳೋ ಎಂದು ಕಾಯುತ್ತಿದ್ದವು. ಬೆವರು ಬರುತ್ತದೆ, ಹೆದರಬೇಡಿ ಎಂದು ಬೆಳಗ್ಗೆ ಹೇಳಿದವಳು ಅವಳೇ.

ಅವಳು ಮುಗುಳ್ನಕ್ಕಳು. ಮತ್ತೆ ತುಟಿಯ ಮೇಲೆ ಬೆರಳಿಟ್ಟಳು. ಕಾಕುವಿನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ತಿರುಗಿಸಿ, ಅವಳ ಚಾಪೆಯ ತನಕ ನಡೆಸಿಕೊಂಡು ಹೋಗಿ ಕೂಡಿಸಿದಳು. ಕಾಕು ಕೂತಳು. ಕೂತು ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಳು, ಮಾತು ಹೊರಗೆ ಬಾರದಿರಲೆಂದು.

ಎಷ್ಟು ಹೊತ್ತು ಹಾಗೆ ಹೋಯಿತೋ. ಕಾಕಾನ ತುಟಿ ಅಲುಗತೊಡಗಿದವು, ಏನೋ ತೊದಲುತ್ತಿದ್ದರು. ನಾಮಸ್ಮರಣೆ ನಡೆಸಿದ್ದಾರೆಂದು ಬಾಜುವಿನಲ್ಲಿದ್ದವರು ಕೈ ಮುಗಿದರು. ಬಲಗೈ ತೊಡೆಯ ಮೇಲೆ ಜಿಗಿಜಿಗಿ ಕುಣಿಯಿತು. ಆಗಲೂ ಯಾರೂ ಏಳಲಿಲ್ಲ. ಅಷ್ಟು ಜನ ಓದಿದವರು, ನೌಕರಿ ಮಾಡಿದವರು, ಮಕ್ಕಳು ಮೊಮ್ಮಕ್ಕಳನ್ನು ಬೆಳೆಸಿದವರು, ಒಬ್ಬ ಮನುಷ್ಯ ಕಣ್ಣೆದುರಿಗೆ ಸಾಯುವುದನ್ನು ಭಕ್ತಿಯಿಂದ ನೋಡುತ್ತ ಕೂತರು. ಕಾಕಾ ಎಡಕ್ಕೆ ವಾಲಿ ಬಂಡೆಯಿಂದ ಜಾರಿದರು. ಕಾಲು ನೀರಿಗೆ ಬಿತ್ತು, ತಲೆ ಮರದ ಬೇರಿಗೆ ಬಡಿಯಿತು.

ಕಾಕು ಕಿರುಚಿದಳು. ಆ ಕಿರುಚಾಟಕ್ಕೆ ಎದುರಿನ ಗುಡ್ಡದ ಹಕ್ಕಿಗಳೆಲ್ಲ ಎದ್ದವು.

ಪೂರ್ಣಿಮಾ ಪಡಸಾಲೆಗೆ ಓಡಿದಳು. ಕೀಲಿಕೈ ಕೀಲಿಯೊಳಗೆ ಹೋಗಲೊಲ್ಲದು. ಟ್ರಂಕು ತೆರೆದು ಕರವಸ್ತ್ರದ ಗಂಟು ತಂದಳು. ಕಾಕಾನ ಹಲ್ಲು ಬಿಗಿದುಕೊಂಡಿದ್ದವು. ತುಟಿ ಅಗಲಿಸಿ ತುರುಕಿದ ಕಲ್ಲುಸಕ್ಕರೆ ಜೊಲ್ಲಿನ ಜೊತೆ ಹೊರಗೆ ಬಂದು ಮರಳಿನ ಮೇಲೆ ಬಿತ್ತು. ಶಶಿಧರ ಜೀಪು ತಂದ. ಹಿಂದಿನ ಸೀಟಿನಲ್ಲಿ ಕಾಕಾನನ್ನು ಮಲಗಿಸಿ, ತಲೆಯನ್ನು ಕಾಕು ತೊಡೆಯ ಮೇಲೆ ಇಟ್ಟುಕೊಂಡಳು. ಕಾಡಿನ ರಸ್ತೆ, ಹೆಜ್ಜೆಗೊಂದು ತಗ್ಗು. ಪ್ರತಿ ತಗ್ಗಿಗೂ ಕಾಕು ಗಂಡನ ತಲೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದಳು. ಒಂದು ತಗ್ಗು ದಾಟಿದ ಮೇಲೆ ಅವಳ ಕೈ ಸಡಿಲಾಯಿತು. ಏನಾಯಿತೆಂದು ಪೂರ್ಣಿಮಾ ಹಿಂತಿರುಗಿ ನೋಡಲಿಲ್ಲ. ಖಾನಾಪುರ ಇನ್ನೂ ದೂರವಿರುವಾಗ ಅವಳ ಜೇಬಿನಲ್ಲಿ ಫೋನು ಒಂದರ ಹಿಂದೊಂದು ಸದ್ದು ಮಾಡಿತು. ಸಿಗ್ನಲ್ ಬಂದಿತ್ತು.

ಖಾನಾಪುರದಲ್ಲಿ ಮೊದಲು ಸಿಕ್ಕ ಆಸ್ಪತ್ರೆಗೇ ಒಯ್ದರು. ಎಳೆಯ ಡಾಕ್ಟರ್ ನಾಡಿ ನೋಡಿದರು, ಎದೆ ಒತ್ತಿದರು, ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಯಂತ್ರಕ್ಕೆ ಹಚ್ಚಿದರು. ಆಮೇಲೆ ಎದ್ದು ನಿಂತರು.

"ಬರೂಕಿಂತ ಮೊದಲ ಹೋಗ್ಯಾರ್ರಿ. ಸಕ್ಕರಿ ಪೂರಾ ಇಳದೈತಿ. ಗುಳಗಿ ತಗೊಂಡು ಏನೂ ತಿಂದಿಲ್ಲೇನು?"

ಡಾಕ್ಟರ್ ಯಂತ್ರವನ್ನು ಅವರ ಕಡೆ ತಿರುಗಿಸಿ ತೋರಿಸಿದರು.

"ಬೆವರ ಬಂದಿರಬೇಕು, ಕೈ ನಡಗಿರಬೇಕು. ಯಾರೂ ನೋಡ್ಲಿಲ್ಲೇನ್ರಿ?"

ಶಶಿಧರ ಹೆಂಡತಿಯ ಮುಖ ನೋಡಿದ. ಪೂರ್ಣಿಮಾ ಬಾಗಿಲು ತಳ್ಳಿ ಹೊರಗೆ ನಡೆದಳು.

ಹೊರಗಿನ ಬೆಂಚಿನ ಮೇಲೆ ಕಾಕು ಕೂತಿದ್ದಳು. ಮಡಿಲಲ್ಲಿ, ಬಂಡೆಯ ಬುಡದಿಂದ ಎತ್ತಿಕೊಂಡು ಬಂದ ಗಂಡನ ಒದ್ದೆ ಚಪ್ಪಲಿ. ಪೂರ್ಣಿಮಾ ನೆಲದ ಮೇಲೆ ಕುಸಿದು ಅವಳ ಕಾಲು ಹಿಡಿದಳು.

"ಕಾಕು, ತಪ್ಪಾತು. ನಂದ ತಪ್ಪು. ನೀವು ಬಂದು ತೋರಿಸಿದಾಗರೆ ನಾ..."

ಕಾಕು ಅಳುತ್ತಿರಲಿಲ್ಲ. ಗೋಡೆಯನ್ನು ನೋಡುತ್ತ ಹೇಳಿದಳು.

"ಜನ್ಮಪೂರ್ತಿ ಅವರ ಮ್ಯಾಲೆ ಒದರೇನಿ. ಗುಳಗಿ ತಗೋರಿ, ಊಟ ಮಾಡ್ರಿ, ಬಿಸಲಾಗ ಹೋಗಬ್ಯಾಡ್ರಿ ಅಂತ. ಎಲ್ಲಾರೂ ನಗತಿದ್ರು, ಅವರೂ ನಗತಿದ್ರು. ಇವತ್ತೊಂದ ದಿನ ಸುಮ್ನ ಕುಂತೆ, ನಿನ್ನ ಮಾತ ಕೇಳಿ."

ಪೂರ್ಣಿಮಾಳ ಜೇಬಿನಲ್ಲಿ ಫೋನು ಕುಣಿಯತೊಡಗಿತು. ತೆಗೆದು ನೋಡಿದಳು. ತನ್ಮಯಿ, ಕಾಕಾನ ಮಗಳು, ಬೆಳಗಾವಿಯಿಂದ. ಕರೆಯ ಕೆಳಗೆ ಅವಳದೇ ಒಂದು ಸಂದೇಶ ಬಂದು ನಿಂತಿತ್ತು. "ಅಕ್ಕಾ, ಬಾಬಾನ ಫೋಟೋ ನೋಡಿದ್ನಿ. ಎಷ್ಟ ಶಾಂತ ಕುಂತಾರ! ಒಂದ ಮಿನಿಟ ಮಾತಾಡಸ್ರಿ, ಮೌನ ಮುಗದಿದ್ರ."

ಪೂರ್ಣಿಮಾ ಫೋನನ್ನು ಶಶಿಧರನ ಕಡೆ ಚಾಚಿದಳು. ಅವನು ಹಿಂದೆ ಸರಿದ. ಕಾಕುವಿನ ಕಡೆ ಚಾಚಿದಳು. ಕಾಕು ತಗೊಳ್ಳಲಿಲ್ಲ. ಪೂರ್ಣಿಮಾಳ ಕೈಯನ್ನು ಹಿಡಿದು, ಫೋನನ್ನು ಪೂರ್ಣಿಮಾಳ ಕಿವಿಯ ತನಕ ತಾನೇ ಒಯ್ದಳು.

"ಮಾತಾಡು," ಎಂದಳು ಕಾಕು. "ಈಗ ನೀ ಮಾತಾಡು."

ಪೂರ್ಣಿಮಾ ಬೆರಳು ಒತ್ತಿ ಕರೆ ಎತ್ತಿದಳು. ಆ ಕಡೆ ತನ್ಮಯಿ ನಗುತ್ತಿದ್ದಳು.